ಬಿಸಿಲಿಗಿಟ್ಟ ಕ್ಯಾಮೆರಾ

ಸೊನ್ನೆ, ಬೇಳೆಕಾಳಿನಷ್ಟು ಅಗಲದ ಗಾಜಿನ ಕಿಂಡಿಯೊಳಗೆ ಸೊನ್ನೆಯೇ, ಬಸ್ಸು ಕುಲುಕಿದ ರಭಸಕ್ಕೆ ಬೇರೆ ಅಂಕಿ ಬಂದಿರಬಹುದೇನೋ ಎಂದು ಶ್ಯಾಮಲಾ ತೊಡೆಯ ಮೇಲಿದ್ದ ಊಟದ ಬ್ಯಾಗಿನ ಜಿಪ್ಪನ್ನು ನಾಲ್ಕು ಬೆರಳಷ್ಟು ಸರಿಸಿ ಮತ್ತೆ ಇಣುಕಿದಳು, ಸೊನ್ನೆ, ನಿನ್ನೆ ಬೆಳಿಗ್ಗೆ ಮೂವತ್ತೆರಡಿತ್ತು, ಎಷ್ಟು ಫೋಟೊ ಹೊಡೆದಾಯಿತು ಎಂದು ಕ್ಯಾಮೆರಾ ತಾನೇ ತೋರಿಸುವ ಕಿಂಡಿ ಅದು, ಬೆನ್ನಿನ ಬಾಗಿಲು ತೆಗೆದರೆ ಮಾತ್ರ ಸೊನ್ನೆಗೆ ಹೋಗಿ ನಿಲ್ಲುತ್ತೆ, ಒಳಗೆ ರೀಲಿದ್ದಾಗ ತೆಗೆದೆಯೋ ಬೆಳಕು ಎಲ್ಲಾನೂ ನುಂಗಿಹಾಕುತ್ತೆ ಕಣೇ ಅಂತ ಹೇಳಿಕೊಟ್ಟವಳು ಕೋಲಾರದ ಸ್ಟುಡಿಯೋದ ಸುನಂದಕ್ಕ, ಆ ಸುನಂದಕ್ಕನ ಹತ್ತಿರವೇ ಈಗ ಹೊರಟಿರುವುದು, ರೀಲು ಕೊಡಲಿಕ್ಕೆ, ಕೊಡಲಿಕ್ಕೆ ಏನಿದೆ ಈಗ, ಸುಗಟೂರು ಸ್ಟಾಪಿನಲ್ಲಿ ಬಸ್ಸು ಇನ್ನೇನು ಹೊರಡಬೇಕು, ಅಮ್ಮ ಕಿಟಕಿಯ ಕಂಬಿ ಹಿಡಿದು ಮುಖವೆತ್ತಿ ಹೇಳಿದಳಲ್ಲ, ಮರೆತಿದ್ದೆ ಕಣೇ ಶ್ಯಾಮಿ, ನಿನ್ನೆ ನಿನ್ನ ಕ್ಯಾಮೆರಾನೂ ಬಿಸಿಲಿಗಿಟ್ಟಿದ್ದೆ, ಹಿಂದಿನ ಮುಚ್ಚಳ ತೆಗೆದು, ಒಳಗೆಲ್ಲಾ ಗರಿಗರಿ ಒಣಗಿದೆ, ಇನ್ನು ಬೂಜು ಗೀಜು ಏನೂ ಹಿಡಿಯಲ್ಲ — ಎಷ್ಟು ಖುಷಿಯಿಂದ ಹೇಳಿದಳು, ಕಂಡಕ್ಟರ್ ರೈಟ್ ಅಂದ, ಬಸ್ಸು ಹೊರಟಿತು, ಶ್ಯಾಮಲಾ ತಲೆಯಾಡಿಸಿದಳು, ತಲೆಯಾಡಿಸುವುದೊಂದು ಚೆನ್ನಾಗಿ ಬರುತ್ತೆ ಅವಳಿಗೆ. ಜಗಲಿಯ ಮೇಲೆ ತೊಳೆದ ಚಂದ್ರಿಕೆಗಳ ಸಾಲು, ರೇಷ್ಮೆ ಹುಳು ಗೂಡು ಕಟ್ಟುವ ಬಿದಿರಿನ ಆ ದೊಡ್ಡ ತಟ್ಟೆಗಳು ಗೋಡೆಗೆ ಒರಗಿ ನಿಂತಿರುವುದು, ನಡುವೆ ಕ್ಯಾಮೆರಾ, ಬೆನ್ನು ತೆರೆದುಕೊಂಡು, ಕಂದು ಬಣ್ಣದ ರೀಲು ಬಿಸಿಲಲ್ಲಿ ಹೊಳೆಯುತ್ತಾ, ಅದನ್ನು ಅವಳು ನೋಡಿಲ್ಲ, ನಿನ್ನೆ ಆ ಹೊತ್ತಿಗೆ ಅವಳು ಹೋಳೂರಿನ ಅತ್ತೆ ಮನೆಯಿಂದ ಇನ್ನೆರಡು ಚಂದ್ರಿಕೆ ತರಲು ಹೋಗಿದ್ದಳು, ನೋಡದೇ ಇದ್ದದ್ದು ಯಾಕೆ ಇಷ್ಟು ಚೆನ್ನಾಗಿ ಕಾಣಬೇಕು.

ಏಮ್ಮಾ ಶ್ಯಾಮಲಾ, ಬ್ಯಾಗೊಳಗೆ ಅದೇನು ಅಷ್ಟೊತ್ತಿನಿಂದ ಇಣುಕ್ತೀಯ, ಊಟ ಓಡೋಗುತ್ತಾ, ಪಕ್ಕದ ಸೀಟಿನ ಅಕ್ಕಯಮ್ಮ, ಕಾಲ ಬಳಿ ಕೊತ್ತಂಬರಿ ಸೊಪ್ಪಿನ ಗಂಟು, ಊರಿನ ಕೆಳಗಿನ ಬೀದಿಯವಳು, ವಾರಕ್ಕೆ ಮೂರು ದಿನ ಕೋಲಾರಕ್ಕೆ ಸೊಪ್ಪು ಒಯ್ಯುವವಳು, ಬಸ್ಸಲ್ಲಿ ಯಾರನ್ನೂ ಸುಮ್ಮನೆ ಕೂರಲು ಬಿಡದವಳು, ಏನಿಲ್ಲ ಅತ್ತೆ, ಚಿತ್ರಾನ್ನ, ಬಾಯಿಗೆ ಬಂದದ್ದು ಅಷ್ಟೇ, ಎಲ್ಲರಿಗೂ ಊಟದ ಬ್ಯಾಗಿನ ಹಾಗೆ ಕಾಣಲಿ ಎಂದೇ ಅಲ್ಲವೇ ಇದನ್ನು ಹೊಲಿದದ್ದು, ಸುನಂದಕ್ಕ ತನ್ನ ಅಪ್ಪನ ಕಾಲದ ಕ್ಯಾಮೆರಾವನ್ನು ಬರಿಗೈಲಿ ಎತ್ತಿಕೊಟ್ಟಿದ್ದಳು, ಮೊದಲ ದಿನ ಸೆರಗಿನ ಹಾಗೆ ದುಪಟ್ಟಾ ಸುತ್ತಿ ಎದೆಗವುಚಿಕೊಂಡು ಬಸ್ಸು ಹತ್ತಿದಳು, ನಾಲ್ಕು ಜನ ತಿರುಗಿ ನೋಡಿದರು, ಮನೆಗೆ ಬಂದವಳೇ ಹಳೆಯ ಊಟದ ಬ್ಯಾಗು ಬಿಚ್ಚಿ, ಒಳಗೆ ಅಪ್ಪನ ಹರಿದ ಸ್ವೆಟರಿನ ತೋಳು ಕತ್ತರಿಸಿ ಮೆತ್ತೆ ಕೂಡಿಸಿದಳು, ಕ್ಯಾಮೆರಾ ಕತ್ತಿಗೆ ಹಾಕಿಕೊಳ್ಳಲು ಪಟ್ಟಿ ಬೇಕಿತ್ತು, ಅಟ್ಟದ ಮೇಲಿದ್ದ ಒಂಬತ್ತನೇ ಕ್ಲಾಸಿನ ಸ್ಕೂಲ್ ಬ್ಯಾಗಿನಿಂದ ಪಟ್ಟಿ ಬಿಚ್ಚಿದಳು, ಬಕಲ್ ಇನ್ನೂ ಗಟ್ಟಿಯಾಗಿತ್ತು, ಉದ್ದ ಗಿಡ್ಡ ಮಾಡಬಹುದು, ಉಪ್ಪಿನಕಾಯಿ ಬಾಟಲಿಯ ಮುಚ್ಚಳ ಲೆನ್ಸಿಗೆ ಹೇಳಿ ಮಾಡಿಸಿದ ಹಾಗೆ ಕೂತಿತು, ಕಳೆಯಬಾರದೆಂದು ಅದಕ್ಕೊಂದು ದಾರ, ತೇವ ಹೀರಲಿ ಎಂದು ಮೂಲೆಯಲ್ಲೊಂದು ಹುರಿದ ಅಕ್ಕಿಯ ಗಂಟು, ಎರಡು ಬೆರಳಲ್ಲಿ ಜಿಪ್ಪು ಸರಿಸಿ ಒಂದೇ ಏಟಿಗೆ ಕ್ಯಾಮೆರಾ ಕೈಗೆ ಬರುವ ಹಾಗೆ ಹೊಲಿದುಕೊಂಡ ಆ ಸಂಜೆ ಎಷ್ಟು ಸಲ ತೆಗೆದು ಎಷ್ಟು ಸಲ ಇಟ್ಟಳೋ, ಸುಮ್ಮನೆ, ಖುಷಿಗೆ. ಚಿತ್ರಾನ್ನಾನಾ, ಇದ್ಯಾವ ಚಿತ್ರಾನ್ನನೇ ಬ್ಲೀಚಿಂಗ್ ಪೌಡರ್ ವಾಸನೆ ಹೊಡೀತೈತೆ, ಅಕ್ಕಯಮ್ಮ ಮೂಗು ಹಿಡಿದು ನಗುತ್ತಾಳೆ, ಹೌದು, ಬ್ಯಾಗನ್ನೂ ಅಮ್ಮ ತೊಳೆದಿದ್ದಾಳೆ, ಹುಳುಮನೆಯ ಬಲೆ ತಟ್ಟೆಗಳ ಜೊತೆಗೇ ಅದ್ದಿ ತೆಗೆದು ಒಣಹಾಕಿದ್ದಾಳೆ, ಅಕ್ಕಿಯ ಗಂಟಿಗೂ ಹೊಸ ಬಟ್ಟೆ.

ಫೋನಲ್ಲಿ ನೂರು ಹೊಡೆದು ಒಂದನ್ನ ಆರಿಸಿಕೊಳ್ಳೋದು ನನಗೆ ಬೇಡ, ಸುನಂದಕ್ಕ ಅಂದಿದ್ದಳು, ಇದರಲ್ಲಿ ಒಂದು ರೀಲು ಮುಗಿಸಿಕೊಂಡು ಬಾ, ನೀನು ಹೇಗೆ ನೋಡ್ತೀಯ ಅಂತ ನನಗೆ ಗೊತ್ತಾಗಬೇಕು, ಹೋಳೂರಲ್ಲಿ ಅತ್ತೆ ಮಗಳ ಸೀಮಂತಕ್ಕೆ ಫೋಟೊ ತೆಗೆಯಲು ಬಂದಿದ್ದವಳು ಆಕೆ, ಲೈಟು ಹಿಡಿಯಲು ಯಾರೂ ಇಲ್ಲದೆ ಶ್ಯಾಮಲಾಳನ್ನೇ ಕರೆದು ನಿಲ್ಲಿಸಿಕೊಂಡಿದ್ದಳು, ಕೊನೆಯಲ್ಲಿ ಹೇಳಿದಳು, ಜನ ಕ್ಯಾಮೆರಾಕ್ಕೆ ಅಡ್ಡ ಬರ್ತಾನೇ ಇರ್ತಾರೆ, ನೀನೊಬ್ಬಳು ನಾನು ಹೇಳೋಕೆ ಮುಂಚೆ ಸರೀತಿದ್ದೆ, ಎಲ್ಲಿ ನಿಲ್ಲಬೇಕು ಅಂತ ನಿನಗೆ ಗೊತ್ತು ಕಣೇ, ಆದರೆ ಅಷ್ಟೇ ಸಾಲದು, ಅರಿಶಿನ ಹಚ್ಚುವಾಗ, ಬಳೆ ತೊಡಿಸುವಾಗ ಗಂಡಸು ಕ್ಯಾಮೆರಾ ಹಿಡಿದು ನಿಂತರೆ ಹೆಂಗಸರು ಸಡಿಲವಾಗಿ ನಗಲ್ಲ, ನನ್ನ ಜೊತೆ ಕೆಲಸಕ್ಕೆ ಒಂದು ಹುಡುಗಿ ಬೇಕು, ಇನ್ನು ಮೂರು ವಾರಕ್ಕೆ, ಭಾನುವಾರ, ಮಾಲೂರಲ್ಲಿ ಮದುವೆ ಇದೆ, ಅಷ್ಟರಲ್ಲಿ ತಂದು ಕೊಡು, ಎಲ್ಲಾ ಬೆನ್ನೇ ಇರಬಾರದು ಮತ್ತೆ, ಒಂದಾದರೂ ಮುಖ ಬೇಕು, ನಿನ್ನನ್ನೇ ನೋಡ್ತಿರೋ ಮುಖ, ಬಾಯಿಬಿಟ್ಟು ಇಲ್ಲಿ ನೋಡಿ ಅಂತ ಕೇಳಿ ಹೊಡೆದಿರಬೇಕು. ಬಾಯಿ, ಅಲ್ಲೇ ಎಡವಟ್ಟು, ಸ್ಕೂಲಲ್ಲೂ ಅಷ್ಟೇ, ಎದ್ದು ನಿಂತು ಪಾಠ ಓದು ಎಂದರೆ ಅಕ್ಷರ ಎಲ್ಲಾ ಗೊತ್ತು, ಆದರೂ ಪುಸ್ತಕವನ್ನು ಪಕ್ಕದವಳ ಕಡೆ ಸರಿಸಿ ಕೂತುಬಿಡುತ್ತಿದ್ದಳು, ಒಂಬತ್ತನೇ ಕ್ಲಾಸಿನ ಪರೀಕ್ಷೆಯ ವಾರವೇ ಹುಳು ಹಣ್ಣಾಗಿ ಗೂಡು ಕಟ್ಟಲು ಬಂದವು, ಹಣ್ಣಾದ ಹುಳು ಯಾರ ಪರೀಕ್ಷೆಗೂ ಕಾಯಲ್ಲ, ಮನೆಮಂದಿಯೆಲ್ಲಾ ಕೂತು ಒಂದೊಂದೇ ಎತ್ತಿ ಚಂದ್ರಿಕೆಗೆ ಬಿಡಬೇಕು, ಅವಳೂ ಕೂತಳು, ಕೂತವಳು ಮತ್ತೆ ಸ್ಕೂಲಿಗೆ ಹೋಗಲಿಲ್ಲ, ಯಾರೂ ಬಲವಂತ ಮಾಡಲಿಲ್ಲ, ಅವಳಿಗೂ ಒಳಗೊಳಗೇ ಹಾಯೆನಿಸಿತ್ತು, ಅದೇ ಈಗ ಚುಚ್ಚುವುದು, ಇನ್ನೊಂದು ಬೆಳೆ ಮುಗಿದರೆ ಫ್ಯಾಕ್ಟರಿ, ಅಪ್ಪ ಆಗಲೇ ಅಲ್ಲಿ ಕೆಲಸಕ್ಕಿರುವ ಚಿಕ್ಕಪ್ಪನ ಮಗಳು ಅನಿತಳ ಹತ್ತಿರ ಮಾತಾಡಿಟ್ಟಿದ್ದಾನೆ, ಅನಿತ ಯೂನಿಫಾರಂ ಅಳತೆ ಕೇಳಿದ್ದಾಳೆ, ಅಲ್ಲಿ ಯಾರೂ ಮಾತಾಡು ಅನ್ನಲ್ಲ ಕಣೇ, ನಿಂಗೆ ಸರಿಯಾಗುತ್ತೆ, ಇಡೀ ದಿನ ನಿಂತ್ಕೊಂಡು ಒಂದೇ ಸ್ಕ್ರೂ ತಿರುಗಿಸೋದು — ನಗುತ್ತಾ ಹೇಳಿದ್ದಳು ಅನಿತ, ನಿಂಗೆ ಸರಿಯಾಗುತ್ತೆ.

ಮೊದಲನೆಯ ಫೋಟೊ ಹಿಪ್ಪುನೇರಳೆ ಸೊಪ್ಪು ಕತ್ತರಿಸುವ ಅಪ್ಪನ ಬೆನ್ನು, ಎರಡನೆಯದು ತೋಟದ ಬದುವಿನ ಮೇಲೆ ಮಲಗಿದ ನಾಯಿ, ಅದೂ ಆ ಕಡೆ ತಿರುಗಿತ್ತು, ಆಮೇಲೆ ಹುಳುಗಳು, ನಾಲ್ಕನೇ ಜ್ವರಕ್ಕೆ ಕೂತ ಹುಳುಗಳು, ಪೊರೆ ಬಿಡುವ ಮುಂಚೆ ತಿನ್ನದೆ, ಅಲ್ಲಾಡದೆ, ತಲೆ ಎತ್ತಿ ನಿಲ್ಲುತ್ತವಲ್ಲ, ಹುಳುಮನೆಯ ಕಿಟಕಿ ಪರದೆಯ ತೂತಿನಿಂದ ಒಂದೇ ಒಂದು ಎಳೆ ಬೆಳಕು ತಟ್ಟೆಯ ಮೇಲೆ ಬಿದ್ದು ಅಷ್ಟೂ ತಲೆಗಳಿಗೆ ಅಂಚು ಬರೆದಿತ್ತು, ಉಸಿರು ಹಿಡಿದು, ಮುಂಗೈಯನ್ನು ಕಂಬಕ್ಕೆ ಊರಿ, ಕಟಕ್, ಆ ಸದ್ದು ಅವಳ ಬೆರಳಿಂದ ಮೊಣಕೈವರೆಗೆ ಓಡಿತು, ಲಿವರ್ ಎಳೆದರೆ ಇನ್ನೊಂದಕ್ಕೆ ಜಾಗ, ಎಳೆಯುವಾಗ ಒಳಗೆ ಹಲ್ಲು ಹಲ್ಲು ಕಚ್ಚಿಕೊಳ್ಳುವ ಸಣ್ಣ ಸದ್ದು, ಏನು ಬಂದಿದೆ ಎಂದು ನೋಡುವಂತಿಲ್ಲ, ಅದೇ ಎಷ್ಟು ಚೆಂದ, ಬಂದಿದೆ ಎಂದು ಒಳಗೆ ಗೊತ್ತು ಅಷ್ಟೇ, ಕಣ್ಣು ಮುಚ್ಚಿದರೆ ಎಲ್ಲಾ ಇವೆ. ಮುಖ ಮಾತ್ರ ಇರಲಿಲ್ಲ, ದಿನ ಉರುಳುತ್ತಿದ್ದವು, ಕೊನೆಗೆ ಮೊನ್ನೆ, ಹಿತ್ತಲಲ್ಲಿ ಅಮ್ಮ ಬಲೆ ಕೊಡವುತ್ತಿದ್ದಳು, ಅಮ್ಮಾ, ಇಲ್ಲಿ ನೋಡು, ಅಂದೇ ಬಿಟ್ಟಳು, ಅಮ್ಮ ಬಲೆ ಕೆಳಗೆ ಹಾಕಿ ತಲೆಗೂದಲು ಒತ್ತಿಕೊಂಡು, ಹಲ್ಲು ಬಿಡ್ಲಾ ಬೇಡ್ವಾ, ಅಂದಳು, ಅಮ್ಮನಿಗೆ ಮುಂದಿನ ಹಲ್ಲೊಂದಿಲ್ಲ, ನಿನ್ನಿಷ್ಟ, ಎಂದು ಇವಳು ಅಂದರೆ, ಮುಚ್ಚಿಕೊಂಡೇ ನಗುತ್ತೀನಿ ಬಿಡು, ಅಂದು ನೇರ ನೋಡಿದಳು, ಜ್ವರದಲ್ಲಿರುವ ಹುಳುಗಳನ್ನು ನೋಡುತ್ತಾಳಲ್ಲ, ಎದ್ದವಾ ಇನ್ನೂ ಎದ್ದಿಲ್ವಾ ಎಂದು, ಹಾಗೆ, ಕಟಕ್ ಆದಮೇಲೂ ಅಲ್ಲಾಡದೆ ನಿಂತಿದ್ದಳು, ಆಯ್ತೇನೇ, ಹೊಡೆದ್ಯಾ, ಕತ್ತು ಹಿಡ್ಕೊಂತು. ಅದು ಮೂವತ್ತೆರಡನೆಯದು, ಉಳಿದ ನಾಲ್ಕನ್ನು ದಾರಿಯಲ್ಲಿ ಹೊಡೆದು ಮುಗಿಸೋಣ ಎಂದುಕೊಂಡಿದ್ದಳು. ಸುರುಳಿಯ ಎಲ್ಲಕ್ಕಿಂತ ಹೊರಗಿನ ಸುತ್ತು, ಬಿಸಿಲು ಮೊದಲು ಮುಟ್ಟಿದ್ದು ಅದನ್ನೇ, ಅಪ್ಪನ ಬೆನ್ನು ಒಳಸುತ್ತಿನಲ್ಲಿ ಚೂರುಪಾರು ಉಳಿದರೂ ಉಳಿದೀತು, ಅಮ್ಮನ ಮುಖ ಉಳಿಯಲ್ಲ, ತನ್ನ ಮುಖವನ್ನು ತಾನೇ ಎತ್ತಿ ಬಿಸಿಲಿಗಿಟ್ಟಳು, ಚಂದ್ರಿಕೆಗಳ ಸಾಲಿನಲ್ಲಿ, ಬೆನ್ನು ತೆರೆದು.

ತೆಗೆಯಲು ಗೊತ್ತಾದದ್ದಾದರೂ ಹೇಗೆ, ಆ ಪಕ್ಕದ ಗುಂಡಿ ಮೇಲಕ್ಕೆಳೆದರೆ ಬೆನ್ನು ಬಿಚ್ಚಿಕೊಳ್ಳುತ್ತೆ ಎಂದು ಅಮ್ಮನಿಗೆ ಯಾರು ಹೇಳಿದರು, ಯಾರೂ ಹೇಳಿಲ್ಲ, ಶ್ಯಾಮಲಾ ರೀಲು ಹಾಕುವಾಗ ಅಮ್ಮ ರಾಗಿ ಕೇರುತ್ತಾ ಒಂದು ಕಣ್ಣಲ್ಲಿ ನೋಡಿಕೊಂಡಿದ್ದಾಳೆ, ನೋಡಿಯೇ ಕಲಿಯುವ ಜಾತಿ ಇಬ್ಬರದೂ, ಅದ್ಯಾಕೆ ಅಕ್ಕಿ ಹಾಕ್ತೀಯ ಬ್ಯಾಗಿಗೆ ಅಂತ ಕೇಳಿದ್ದಳು, ತೇವ ಇದ್ರೆ ಬೂಜು ಹಿಡಿಯುತ್ತಮ್ಮ, ಅಂದಿದ್ದಳು ಇವಳು, ಅಷ್ಟೇ ಅಂದಿದ್ದಳು, ಬೆಳಕು ಬೀಳಬಾರದು ಎಂಬುದನ್ನು ಹೇಳಲೇ ಇಲ್ಲ, ಇನ್ನೆರಡು ಮಾತಿನ ಕೆಲಸ, ಬಾಯಿ ನೋಯುತ್ತಿತ್ತಾ, ತೇವ ಎಂದರೆ ಅಮ್ಮನಿಗೆ ಸುಣ್ಣಕಟ್ಟು ರೋಗ, ಹುಳುಗಳು ಬೆಳ್ಳಗೆ ಸುಣ್ಣದ ಕಡ್ಡಿಯಾಗಿ ಸೆಟೆದುಕೊಂಡು ಇಡೀ ಬೆಳೆ ತಿಪ್ಪೆಗೆ ಹೋದ ಆ ವರ್ಷ, ಅದಕ್ಕೇ ಹೊಸ ಮರಿ ಬರುವ ಮುಂಚೆ ಮನೆಯ ಒಂದೊಂದು ಸಾಮಾನೂ ತೊಳೆದು ಬಿಸಿಲು ಕಾಣಬೇಕು, ಮಗಳ ಸಾಮಾನು ಮಾತ್ರ ಯಾಕೆ ಉಳಿಯಬೇಕು ಅಂದುಕೊಂಡಿರಬೇಕು, ಮೆಲ್ಲಗೆ ತೆಗೆದಿರಬೇಕು, ಸೆರಗಿನ ತುದಿಯಿಂದ ಒರೆಸಿರಬೇಕು, ಹುಳು ಮುಟ್ಟುವ ಬೆರಳಲ್ಲಿ. ಸಿಟ್ಟು ಬರಲಿ ಎಂದು ಕಾದಳು, ಬರಲಿಲ್ಲ, ಕೋಲಾರ ಬಂತು, ಬೆಟ್ಟದ ಬಂಡೆಗಳು ಕಾಣಿಸಿದವು, ಇಳಿದು ಹಾಗೇ ವಾಪಸ್ ಬಸ್ಸು ಹತ್ತಿಬಿಟ್ಟರೆ, ಸುನಂದಕ್ಕ ಇರಲಿಲ್ಲ ಅಂದರಾಯಿತು, ಅನಿತಳಿಗೆ ಅಳತೆ ಕಳಿಸಿದರಾಯಿತು — ಇಲ್ಲ, ತಡಿ, ಇನ್ನೂ ಎಳೆಯದ ರೀಲು ಡಬ್ಬಿಯೊಳಗೆ ಕತ್ತಲಲ್ಲೇ ಇದೆಯಲ್ಲ, ಮೂವತ್ತಾರರಲ್ಲಿ ಮೂವತ್ತೆರಡು ಹೋದರೆ ನಾಲ್ಕು, ಹೊರಗೆ ಚಾಚಿಕೊಂಡಿದ್ದದ್ದು ಸುಟ್ಟಿರುತ್ತೆ, ಅದರ ಪಕ್ಕದ್ದಕ್ಕೂ ಅಂಚು ತಗುಲಿರುತ್ತೆ, ಎರಡು ಬಿಟ್ಟರೆ ಎರಡು, ಎರಡಿವೆ. ಬ್ಯಾಗಿನೊಳಗೇ ಕೈ ತೂರಿಸಿ, ಲೆನ್ಸಿನ ಮುಚ್ಚಳ ತೆಗೆಯದೆ, ಸುಟ್ಟ ಎರಡನ್ನು ದಾಟಿಸಲು, ಕಟಕ್, ಎಳೆದಳು, ಕಟಕ್, ಎಳೆದಳು. ಏನೇ ಅದು, ಡಬ್ಬಿ ಕಟಕ್ ಅಂತು, ಅಯ್ಯೋ ದೇವುಡಾ, ಚಿತ್ರಾನ್ನ ಹಲ್ಲು ಕಡೀತೈತಾ, ಅಕ್ಕಯಮ್ಮನ ಮಾತಿಗೆ ಹಿಂದಿನ ಸೀಟಿನವರೂ ನಕ್ಕರು, ಎಲ್ಲರ ಕಣ್ಣೂ ಇವಳ ಮೇಲೆ, ಕಿವಿ ಬಿಸಿಯಾಯಿತು.

ಬಸ್‌ಸ್ಟ್ಯಾಂಡಿನಲ್ಲಿ ಇಳಿದು ಅಕ್ಕಯಮ್ಮ ಸೊಪ್ಪಿನ ಗಂಟನ್ನು ತಲೆಗೇರಿಸಿ ಸಿಂಬಿ ಸರಿಮಾಡಿಕೊಳ್ಳುತ್ತಿದ್ದಾಳೆ, ಇನ್ನೆರಡು ಹೆಜ್ಜೆಗೆ ಜನದೊಳಗೆ ಕರಗಿಬಿಡುತ್ತಾಳೆ, ಬೆನ್ನು, ಮತ್ತೆ ಬೆನ್ನೇ, ಜಿಪ್ಪು ಸರಿಯಿತು, ಕ್ಯಾಮೆರಾ ಒಂದೇ ಏಟಿಗೆ ಕೈಗೆ ಬಂತು, ಸ್ಕೂಲ್ ಬ್ಯಾಗಿನ ಪಟ್ಟಿ ಕತ್ತಿಗೆ ಬಿತ್ತು, ಲೆನ್ಸಿನ ಮುಚ್ಚಳ ಕಳಚಿ ದಾರಕ್ಕೆ ಜೋತುಬಿತ್ತು, ಅತ್ತೇ, ಅಕ್ಕಯಮ್ಮತ್ತೇ, ಇಲ್ಲಿ ನೋಡಿ — ಯಾರ ಗಂಟಲು ಅದು, ಬಸ್‌ಸ್ಟ್ಯಾಂಡೆಲ್ಲಾ ಕೇಳಿಸುವಷ್ಟು, ಅಕ್ಕಯಮ್ಮ ತಿರುಗಿದಳು, ಹಸಿರು ಗಂಟಿನ ಕೆಳಗೆ ಬಾಯಿ ಅಗಲಿಸಿ, ಏನೇ ಇದೂ, ಚಿತ್ರಾನ್ನಕ್ಕೆ ಕಣ್ಣು ಬಂದೈತೆ, ಅನ್ನುತ್ತಾ ನೇರ, ಇವಳನ್ನೇ, ಕಟಕ್. ಲಿವರ್ ಎಳೆದಳು, ರಸ್ತೆ ದಾಟಿದಳು, ಸ್ಟುಡಿಯೋದ ಮೆಟ್ಟಿಲು ಹತ್ತಿದಳು, ಸುನಂದಕ್ಕ ಕ್ಯಾಮೆರಾ ಇಸಿದುಕೊಂಡು ಮೊದಲು ನೋಡಿದ್ದೇ ಆ ಕಿಂಡಿಯನ್ನು, ಮೂರಾ, ಮೂರು ತೋರಿಸ್ತಿದೆ, ಬೆನ್ನು ತೆಗೆದ್ಯೇನೇ, ಹೋಯ್ತಲ್ಲೇ ಎಲ್ಲಾ, ಏನಾಯ್ತು, ಮತ್ತೆ ಇವಳ ಬಾಯಿಂದ ಮಾತು ಹೊರಗೆ ಬಿತ್ತು, ನಿಲ್ಲಿಸಲಾಗದ ಹಾಗೆ, ಅಮ್ಮ ಬಿಸಿಲಿಗಿಟ್ಟಳು ಅಕ್ಕಾ, ಬೂಜು ಹಿಡಿಯದಿರಲಿ ಅಂತ, ಅವಳಿಗೆ ಗೊತ್ತಿಲ್ಲ, ಹೇಳೋದೂ ಇಲ್ಲ, ಒಳಗೆ ಎರಡು ಉಳಿದಿದ್ದವು, ಒಂದು ಈಗ ಹೊಡೆದೆ, ಮುಖ, ನನ್ನನ್ನೇ ನೋಡ್ತಿದ್ರು, ನಾನೇ ಕೂಗಿದೆ. ಸುನಂದಕ್ಕ ಬಿಸಿಲಿಗಾ ಅಂದಳು, ನಗಬೇಕೋ ಬೇಡವೋ ಎಂದು ಕ್ಯಾಮೆರಾ ತಿರುಗಿಸಿ ನೋಡಿದಳು, ಸ್ವೆಟರಿನ ತೋಳು, ಅಕ್ಕಿಯ ಗಂಟು, ದಾರ ಕಟ್ಟಿದ ಮುಚ್ಚಳ ಎಲ್ಲಾ ಮುಟ್ಟಿ ನೋಡಿದಳು, ಒಂದು ಮುಖಕ್ಕೆ ನಾನು ಏನೂ ಹೇಳೋಕಾಗಲ್ಲ ಕಣೇ, ಇನ್ನೊಂದು ಇದೆಯಲ್ಲ, ಅದನ್ನ ಮುಗಿಸಿಕೊಂಡು ಬಾ, ನಾಳೆ ಸಂಜೆಯೊಳಗೆ, ಎರಡನ್ನೂ ತೊಳೆದು ನೋಡ್ತೀನಿ, ಭಾನುವಾರದ ಮಾತು ಆಮೇಲೆ, ಎಂದು ಕ್ಯಾಮೆರಾವನ್ನು ವಾಪಸ್ ಅವಳ ಕತ್ತಿಗೇ ಹಾಕಿದಳು, ಯಾರದ್ದು ಹೊಡೀತೀಯ, ಯೋಚನೆ ಮಾಡಿದ್ಯಾ — ಮಾಡಿದ್ದಾಳೆ, ಬಸ್ಸು ಹತ್ತಿದಾಗಿನಿಂದ ಅದೊಂದನ್ನೇ ನೋಡುತ್ತಿದ್ದಾಳೆ, ಜಗಲಿ, ತೊಳೆದ ಚಂದ್ರಿಕೆಗಳ ಸಾಲು, ಬಗ್ಗಿದ ಅಮ್ಮ, ಬೆನ್ನು ತೆರೆದದ್ದನ್ನು ಅಂಗೈಲಿಟ್ಟುಕೊಂಡು ಉಫ್ ಎಂದು ಊದುತ್ತಾಳೆ, ಸೆರಗಿನ ತುದಿಯಿಂದ ಒರೆಸುತ್ತಾಳೆ, ಬಿಸಿಲು ಸರಿಯಾಗಿ ಒಳಗೆ ಬೀಳುವ ಹಾಗೆ ಚೂರು ಚೂರೇ ತಿರುಗಿಸಿ ಇಡುತ್ತಾಳೆ, ಇಟ್ಟು ತಲೆ ಎತ್ತಿ ಸರಿಯಾಯ್ತಾ ಎಂಬಂತೆ ಈ ಕಡೆಗೇ ನೋಡುತ್ತಾಳೆ, ಅದನ್ನು ತೆಗೆಯಬೇಕು, ಅದನ್ನೇ ತೆಗೆಯಬೇಕು, ತೆಗೆಯಬೇಕಾದ ಕ್ಯಾಮೆರಾನೇ ಆ ಚಿತ್ರದೊಳಗೆ ಅಮ್ಮನ ಕೈಯಲ್ಲಿದೆ, ಬಿಸಿಲಲ್ಲಿ, ಬೆನ್ನು ತೆರೆದು.