ಸೋಮವಾರದ ಕಂಬ

ಬುಕ್ಕಾಂಬುಧಿ ಕೆರೆಯ ಏರಿಯ ಮೇಲೆ ಬಾವುಟ ಹಾರುತ್ತಿದೆ ಎಂದು ಅಜ್ಜಂಪುರದ ಠಾಣೆಗೆ ಚಾಡಿ ಹೇಳಿ ಕಳಿಸಿದವಳು ಬಾವುಟ ಹಾರಿಸಿದ ಕರಿಯಮ್ಮನೇ. ಈ ಮಾತನ್ನು ನಾನು ಇಷ್ಟು ವರ್ಷ ಬಾಯಿಬಿಟ್ಟು ಹೇಳಿರಲಿಲ್ಲ. ಈಗ ನನಗೆ ಪೆನ್ಷನ್ ಬರುತ್ತಿದೆ, ಅದನ್ನು ಕೊಡುವ ಸರ್ಕಾರವೂ ಬದಲಾಗಿದೆ. ಹಾಗಾಗಿ ಧೈರ್ಯ ಬಂದಿದೆ.

ನಾನು ಓಂಕಾರಮೂರ್ತಿ, ಆಗ ಆ ಊರಿನ ಸ್ಕೂಲ್ ಮೇಷ್ಟ್ರು. ಸಾವಿರದ ಒಂಬೈನೂರ ಮೂವತ್ತೆಂಟರ ಬೇಸಿಗೆ. ಮೈಸೂರಿಗೆ ನಮ್ಮವರೇ ಮಹಾರಾಜರಿದ್ದರು, ನಿಜ. ಆದರೆ ಬೆಂಗಳೂರಿನಲ್ಲಿ ಅವರ ತಲೆಯ ಮೇಲೊಬ್ಬ ಬಿಳಿಯ ರೆಸಿಡೆಂಟ್ ಕೂತಿದ್ದ. ಅವನು ಹುಬ್ಬು ಗಂಟಿಕ್ಕಿದರೆ ಇಲ್ಲಿ ಕಡೂರು ಜಿಲ್ಲೆಯ ಪೇದೆಯೂ ಲಾಠಿ ಹುಡುಕುತ್ತಿದ್ದ. ಕಾಂಗ್ರೆಸ್ ಬಾವುಟ ಎಲ್ಲೂ ಹಾರಿಸಕೂಡದೆಂದು ಡಂಗುರ ಹೊಡೆಸಿದ್ದರು. ನನ್ನದು ಸರ್ಕಾರದ ಸಂಬಳ, ಮೇಲಾಗಿ ಪುಕ್ಕಲು ಸ್ವಭಾವ. ಬಾವುಟ ಕಂಡರೆ ಮಳೆ ಬರುತ್ತದೋ ಎಂದು ಆಕಾಶ ನೋಡುವವನ ಹಾಗೆ ನಟಿಸಿ ಜಾಗ ಖಾಲಿ ಮಾಡುತ್ತಿದ್ದೆ.

ಕರಿಯಮ್ಮ ಗಂಡ ಸತ್ತ ಮೇಲೆ ಹೊಲ, ತೆಂಗಿನ ತೋಟ ಎರಡನ್ನೂ ತಾನೇ ನಿಭಾಯಿಸಿದವಳು. ಅವಳ ಒಬ್ಬನೇ ಮಗ ತಮ್ಮಯ್ಯ ಬಾವುಟ ಹಾರಿಸಲೆಂದೇ ಲಿಂಗದಹಳ್ಳಿಯಿಂದ ಗಾಡಿಯಲ್ಲಿ ಒಂದು ಹೊನ್ನೆ ಮರದ ಕಂಬ ತಂದಿದ್ದ, ಇಪ್ಪತ್ತು ಮೊಳದ್ದು. ಅದನ್ನು ನೆಡುವ ಮೊದಲೇ ಶನಿವಾರ ಅಜ್ಜಂಪುರದಲ್ಲಿ ಕರಪತ್ರ ಹಂಚುವಾಗ ಸಿಕ್ಕಿಬಿದ್ದ. ಮಂಗಳವಾರ ಸಂಜೆಯ ರೈಲಿಗೆ ಅವನನ್ನು ಶಿವಮೊಗ್ಗದ ಜೈಲಿಗೆ ಸಾಗಿಸುವುದೆಂದು ತೀರ್ಮಾನವಾಗಿತ್ತು.

ಭಾನುವಾರ ಬುತ್ತಿ ಕಟ್ಟಿಕೊಂಡು ಲಾಕಪ್ಪಿಗೆ ಹೋಗಿಬಂದ ಕರಿಯಮ್ಮ ನೇರ ನನ್ನ ಮನೆಗೇ ಬಂದಳು.

"ರೊಟ್ಟಿ ಮುಟ್ನಿಲ್ಲ ಮೇಷ್ಟ್ರೇ. 'ಅವ್ವಾ, ಬಾವುಟ ಏರಿದ್ದ ಒಂದ್ಸಲ ನೋಡ್ಬಿಟ್ಟಿದ್ರೆ ಎಷ್ಟು ವರ್ಷ ಹಾಕಿದ್ರೂ ಇದ್ದು ಬತ್ತಿದ್ದೆ' ಅಂದ. ಅವ್ನು ರೈಲು ಹತ್ತೋದ್ರೊಳಗೆ ಅದ್ನ ನೋಡ್ಬೇಕು."

"ನಾವು ಅಲ್ಲಿಗೆ ತಗೊಂಡೋದ್ರೆ ಊರ ಬಾಗ್ಲಲ್ಲೇ ಕಿತ್ಕೊತಾರೆ ಕಣಮ್ಮ."

"ನಾವ್ಯಾಕೆ ತಗೊಂಡೋಗ್ಬೇಕು? ಪೊಲೀಸ್ನೋರೇ ತಗೊಂಡೋಗ್ಲಿ. ಜಪ್ತಿ ಮಾಡ್ದಾಗ ಪಂಚನಾಮೆ ಬರೆಯೋರು ನೀವೇ ತಾನೆ?"

ಈ ಸುತ್ತಿನಲ್ಲಿ ಅಕ್ಷರ ದುಂಡಗಿದ್ದವನು ನಾನೊಬ್ಬನೇ. ಏನು ಜಪ್ತಿಯಾದರೂ ಅದರ ವಿವರ ಬರೆದು ಸಾಕ್ಷಿಗಳ ರುಜು ಹಾಕಿಸುವ ಕೆಲಸ ನನ್ನ ತಲೆಗೇ ಬರುತ್ತಿತ್ತು.

"ಸುಳ್ಳು ಬರೀರಿ ಅನ್ನಾಕಿಲ್ಲ. ಕಂಡದ್ದನ್ನ ಪೂರ್ತಿ ಬರೀರಿ, ಅಷ್ಟೇ" ಎಂದಳು.

ಸೋಮವಾರ ಹೊತ್ತು ಹುಟ್ಟುವಾಗ ಏರಿಯ ಮೇಲೆ ಕಂಬ ನಿಂತಿತ್ತು, ತುದಿಯಲ್ಲಿ ಬಾವುಟ. ಕರಿಯಮ್ಮ ಅದನ್ನು ರಾತ್ರೋರಾತ್ರಿ ಊರವರಿಂದ ನೆಡಿಸಿ, ಬುಡಕ್ಕೆ ಅರಿಶಿನ ಕುಂಕುಮ ಹಚ್ಚಿ, ಕಾಯಿ ಒಡೆದು, ಹೂವಿನ ಹಾರ ಹಾಕಿದ್ದಳು. ಅದಾದ ಮೇಲೆ ಠಾಣೆಗೆ ಚಾಡಿ ಹೋಯಿತು.

ಹನ್ನೊಂದು ಗಂಟೆಯ ಹೊತ್ತಿಗೆ ದಫೇದಾರ್ ರಂಗಪ್ಪ ಸೈಕಲ್ ತುಳಿಯುತ್ತ ಬಂದ. ಹಿಂದೆ ಪೇದೆ ಕಲ್ಲಪ್ಪ, ಅವನು ನಡೆದೇ. ರಂಗಪ್ಪ ಬೆಂಗಳೂರು ದಂಡು ಪ್ರದೇಶದವನು, ಎತ್ತಿನ ಬಾಲ ಹಿಡಿದು ಗೊತ್ತಿದ್ದವನಲ್ಲ. ಹಿಂದೊಂದು ಊರಿನಲ್ಲಿ ಅವನು ಬಾವುಟದ ಬಟ್ಟೆಯನ್ನಷ್ಟೇ ಬಿಚ್ಚಿಕೊಂಡು ಹೋಗಿದ್ದ. ಅದು ತನ್ನ ಹೆಂಡತಿಯ ಹಳೇ ಸೀರೆಯ ತುಂಡು ಎಂದು ಆರೋಪಿ ಕೋರ್ಟಿನಲ್ಲಿ ವಾದಿಸಿ ಗೆದ್ದುಬಿಟ್ಟ. ಇನ್ನೊಮ್ಮೆ ಹೀಗಾದರೆ ತೋಳಿನ ಪಟ್ಟಿ ಕಿತ್ತುಹಾಕುತ್ತೇನೆ ಎಂದು ಇನ್ಸ್‌ಪೆಕ್ಟರ್ ಗದರಿಸಿದ್ದರಂತೆ. ಹಾಗಾಗಿ ಈ ಸಲ ಕಂಬವೂ ಬರಬೇಕು, ಬಾವುಟವೂ ಬರಬೇಕು.

ಕಂಬ ಕೆಳಗಿಳಿಸಿದರು. ನಾನು ಬರೆಯಲು ಕೂತೆ. ಒಂದೂ ಬಿಡದೆ ಬರೆದೆ: "ಇಪ್ಪತ್ತು ಮೊಳ ಉದ್ದದ ಹೊನ್ನೆ ಕಂಬ ಒಂದು, ತುದಿಗೆ ಬಿಗಿದು ಕಟ್ಟಿದ ಬಾವುಟ ಸಮೇತ, ಗಂಟಿಗೆ ಅರಗಿನ ಮೊಹರು ಹಾಕಿದೆ." ರಂಗಪ್ಪ ಓದಿ ಖುಷಿಪಟ್ಟ. ತಾನೇ ಅರಗು ಕಾಯಿಸಿ ಮೊಹರು ಒತ್ತಿದ.

"ಯಾರಯ್ಯ ಅಲ್ಲಿ, ಗಾಡಿ ಕಟ್ಟಿಸಿ" ಎಂದ.

ಪಟೇಲ ಸಿದ್ದಪ್ಪ ಕೆನ್ನೆ ಕೆನ್ನೆ ಬಡಿದುಕೊಂಡ. "ಶಿವ ಶಿವಾ! ಸೋಮವಾರ ಬಸವಣ್ಣನ ಹೆಗಲ ಮೇಲೆ ನೊಗ ಇಡಾದುಂಟೆ ಸ್ವಾಮಿ? ಈ ಸೀಮೇಲಿ ಯಾವನೂ ಎತ್ತು ಕಟ್ಟಾಕಿಲ್ಲ. ಎತ್ತುಗಳಿಗೂ ಗೊತ್ತು, ಏಳೋದೇ ಇಲ್ಲ."

ರಂಗಪ್ಪ ಕೂಗಾಡಿದ. ನಾಲ್ಕು ಕೊಟ್ಟಿಗೆ ನೋಡಿಬಂದ. ಎತ್ತುಗಳು ಮಲಗಿ ಮೆಲುಕು ಹಾಕುತ್ತಿದ್ದವು. ಮಹಾರಾಜರ ಆಜ್ಞೆಗೂ ಅವು ಕಿವಿ ಅಲ್ಲಾಡಿಸಲಿಲ್ಲ. ಕೊನೆಗೆ ಕಂಬವನ್ನು ಎರಡು ತುಂಡು ಮಾಡಿ ಹೊರಿಸುತ್ತೇನೆ ಎಂದ.

"ಇಪ್ಪತ್ತು ಮೊಳ ಅಂತ ಬರೆದು ರುಜು ಬಿದ್ದಿದೆ ಸಾರ್. ಹತ್ತು ಮೊಳದ್ದು ಎರಡು ಒಪ್ಪಿಸಿದ್ರೆ ಕೋರ್ಟು ಕೇಳುತ್ತೆ" ಎಂದೆ. ನನ್ನ ಬಾಯಿಂದ ಆ ಮಾತು ಹೇಗೆ ಬಂತೋ, ದೇವರಿಗೇ ಗೊತ್ತು.

"ನೊಗ ಇಡಬಾರ್ದು ಅಂದ್ರೆ ಎತ್ತಿನ ಹೆಗಲ ಮೇಲೆ. ನಮ್ಮ ಹೆಗಲಿಗೇನು ಸೋಮವಾರ?" ಎಂದಳು ಕರಿಯಮ್ಮ. "ಎಂಟು ಜನ ಹೊತ್ಕೊಂಡು ಬತ್ತಾರೆ, ಪಾಪ, ನಿಮಗ್ಯಾಕೆ ತೊಂದ್ರೆ."

ರಂಗಪ್ಪನ ಮುಖ ಅರಳಿತು. ಆ ಹೆಂಗಸು ಒಳ್ಳೆಯವಳು ಎಂದು ನನ್ನ ಹತ್ತಿರ ಮೆಲ್ಲಗೆ ಹೇಳಿದ ಕೂಡ.

ಏಳು ಮೈಲಿ ದಾರಿ. ಪೂಜೆ ಆದದ್ದನ್ನು ಹೆಗಲ ಮೇಲೆ ಹೊತ್ತು ತಂದರೆ ನಮ್ಮ ಕಡೆ ಅದೇನು, ಎಲ್ಲಿಯದು ಎಂದು ಕೇಳುವ ರೂಢಿಯಿಲ್ಲ. ಹೊತ್ತವರ ಕಾಲಿಗೆ ನೀರು ಹಾಕಬೇಕು, ಮುಂದಿನ ಹಳ್ಳಿಯವರೆಗೆ ಹೆಗಲು ಕೊಡಬೇಕು. ಮೊದಲ ಹಳ್ಳಿಯಲ್ಲಿ ಹೆಂಗಸರು ಕೊಡ ಹಿಡಿದು ಕಾದಿದ್ದರು. ಎಲ್ಲರಿಗಿಂತ ಮುಂದೆ ಇದ್ದವನು ರಂಗಪ್ಪ, ಆದ್ದರಿಂದ ಮೊದಲ ನೀರು ಅವನಿಗೇ ಬಿತ್ತು. ಬೂಟಿನ ತುಂಬ ನೀರು ತುಂಬಿ ಪಚಪಚ ಎಂದಿತು. ಬೂಟು ಕಳಚಿ ಸೈಕಲ್ಲಿಗೆ ನೇತುಹಾಕಿ ಬರಿಗಾಲಲ್ಲಿ ಹೊರಟ. ಎರಡನೆಯ ಹಳ್ಳಿಯಲ್ಲಿ ಹಣೆಗೆ ಕುಂಕುಮ, ಮೂರನೆಯದರಲ್ಲಿ ಕೊರಳಿಗೆ ಹಾರ. ಬೇಡ ಬೇಡ ಎನ್ನುತ್ತಲೇ ಕತ್ತು ಬಗ್ಗಿಸಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಹಿಂದೆ ಕಂಬದ ತುದಿಯಲ್ಲಿ ಪೇದೆ ಕಲ್ಲಪ್ಪ, ಸಾಕ್ಷಿಯ ವಸ್ತುವಿಗೆ ಮಣ್ಣು ತಾಗದಿರಲೆಂದು ಬಾವುಟದ ಅಂಚನ್ನು ಎರಡು ಕೈಯಲ್ಲೂ ಎತ್ತಿ ಹಿಡಿದು ಬರುತ್ತಿದ್ದ.

ಅಜ್ಜಂಪುರ ಮುಟ್ಟಿದಾಗ ಎಂಟು ಜನ ಮುನ್ನೂರಾಗಿದ್ದರು. ಯಾರೂ ಒಂದು ಘೋಷಣೆ ಕೂಗಲಿಲ್ಲ. ಪೊಲೀಸರೇ ಮುಂದಾಳಾದ ಮೆರವಣಿಗೆಯನ್ನು ತಡೆಯುವವರು ಯಾರು?

ಇನ್ಸ್‌ಪೆಕ್ಟರ್ ತರೀಕೆರೆಗೆ ಹೋಗಿದ್ದರು. ಕಂಬ ಠಾಣೆಯೊಳಗೆ ಹಿಡಿಸಲಿಲ್ಲ. ಅಂಗಳದಲ್ಲಿ ಮಲಗಿಸಿದರೆ ಅರ್ಧ ರಸ್ತೆಗೆ ಚಾಚುತ್ತಿತ್ತು. ರಂಗಪ್ಪನ ಅಂಗಾಲು ಬೊಬ್ಬೆ ಎದ್ದು ಅವನಿಗೆ ಅಳುವುದೊಂದು ಬಾಕಿ.

"ಎಲ್ಲಾದ್ರೂ ನಿಲ್ಲಿಸಿ ಸಾಯ್ರೋ ಅದನ್ನ!" ಎಂದು ಕಿರುಚಿದ.

ಆ ಮಾತಿಗೇ ಕಾದಿದ್ದರು. ಲಾಕಪ್ಪಿನ ಕಿಟಕಿಯ ಎದುರಿಗೊಂದು ಎಳೆಯ ಬೇವಿನ ಮರವಿತ್ತು. ಹಗ್ಗ ಬಂತು, ಕಂಬ ಮೇಲೆದ್ದಿತು, ಮರಕ್ಕೆ ಬಿಗಿದು ಕಟ್ಟಿದರು. ಬೇವಿನ ನೆತ್ತಿಯ ಮೇಲೆ ಗಾಳಿಗೆ ಬಾವುಟ ಪಟಪಟನೆ ಬಿಚ್ಚಿಕೊಂಡಿತು.

ರಂಗಪ್ಪ ತಲೆ ಎತ್ತಿ ನೋಡಿದ. ತಾನು ಏನು ಮಾಡಿದೆ ಎಂದು ಅವನಿಗೆ ಆಗ ಹೊಳೆಯಿತು. "ಬಿಚ್ರೋ ಬಟ್ಟೆನ!" ಎಂದ.

"ಮೊಹರು ನಿಮ್ಮದೇ ಸಾರ್" ಎಂದೆ. "ಇನ್ಸ್‌ಪೆಕ್ಟರ್ ನೋಡೋ ಮುಂಚೆ ಒಡೆದ್ರೆ..."

ಅವನು ಬೇವಿನ ಬುಡದಲ್ಲಿ ಕುಸಿದು ಕೂತ. ಕೊರಳಲ್ಲಿ ಹಾರ ಇನ್ನೂ ಇತ್ತು.

ಕಿಟಕಿಯ ಸರಳಿನ ಹಿಂದೆ ತಮ್ಮಯ್ಯ ನಿಂತಿದ್ದ. ಅವನು ಕೂಗುತ್ತಾನೆ, ಜೈಕಾರ ಹಾಕುತ್ತಾನೆ ಅಂದುಕೊಂಡಿದ್ದೆವು. ಅವನು ಅತ್ತ. ಅವನನ್ನು ನೋಡಿ ನನಗೂ ಅಳು ಬಂತು, ಆದರೆ ಸರ್ಕಾರಿ ನೌಕರನಾದ್ದರಿಂದ ಕಣ್ಣಿಗೆ ಧೂಳು ಬಿತ್ತು ಎಂದು ಒರೆಸಿಕೊಂಡೆ.

ಮರುದಿನ ಮಧ್ಯಾಹ್ನ ಬಂದ ಇನ್ಸ್‌ಪೆಕ್ಟರ್ ತಮ್ಮದೇ ಠಾಣೆಯ ಅಂಗಳದಲ್ಲಿ ಬಾವುಟ ಕಂಡು ಕೂಡಲೇ ವರದಿ ಬರೆಯಲು ಕೂತರಂತೆ. ವರದಿ ಬರೆದರೆ ಠಾಣೆಯಲ್ಲಿ ಅದನ್ನು ಏರಿಸಿದವರ ಹೆಸರು ಬರೆಯಬೇಕು. ಹೆಸರು ಬರೆದರೆ ರಂಗಪ್ಪನದೇ ಬರೆಯಬೇಕು. ನಾನು ಬರೆದ ಪಂಚನಾಮೆ ಒಲೆಗೆ ಹೋಯಿತು, ಅದರೊಂದಿಗೆ ಕರಿಯಮ್ಮನ ಮೇಲೆ ಬರಬಹುದಾಗಿದ್ದ ಕೇಸೂ ಹೋಯಿತು. ಬಾವುಟ ಇಳಿಸಲು ಮಾತ್ರ ಹಗ್ಗದ ಗಂಟುಗಳು ಬೇಗ ಬಿಚ್ಚಿಕೊಳ್ಳಲಿಲ್ಲ. ಗಂಟು ಬಿಚ್ಚುತ್ತಿದ್ದವನು ಕಲ್ಲಪ್ಪ. ಅವನಿಗೆ ಯಾಕೋ ಅವತ್ತು ಕೈಬೆರಳು ಆಡುತ್ತಿರಲಿಲ್ಲ.

ಸಂಜೆ ತಮ್ಮಯ್ಯನನ್ನು ಹೊರಗೆ ಕರೆತಂದಾಗಲೂ ಅದು ಮೇಲೇ ಇತ್ತು. ಅವನು ಅಂಗಳದಲ್ಲಿ ನಿಂತು ಕತ್ತೆತ್ತಿದ.

"ನೋಡ್ದೇನೋ?" ಎಂದಳು ಕರಿಯಮ್ಮ.

"ನೋಡ್ದೆ ಕಣವ್ವ."

"ಹಂಗಾರೆ ಈಗ ರೊಟ್ಟಿ ತಿನ್ನು" ಎಂದು ಬುತ್ತಿಯ ಗಂಟು ಅವನ ಕೈಗಿಟ್ಟಳು. ಅವನು ಅದನ್ನು ತಿನ್ನುತ್ತಲೇ ಸ್ಟೇಷನ್ನಿನ ಕಡೆ ನಡೆದ.