ಚುಕ್ಕಿ ಕುಡಿಯದ ಕಲಗಚ್ಚು

ಅಂಟುವಾಳದ ಕಾಯಿಯಲ್ಲಿ ನೊರೆ ಬರುತ್ತದೆ ಅನ್ನುವುದು ನೀಲಾಂಬಿಕೆಗೆ ಗೊತ್ತಿಲ್ಲದ ಸಂಗತಿಯೇನಲ್ಲ. ಚಿಕ್ಕಂದಿನಲ್ಲಿ ಅಜ್ಜಿ ಅದರಲ್ಲೇ ರೇಷ್ಮೆ ಸೀರೆ ಒಗೆಯುವುದನ್ನು ನೋಡಿದ್ದಳು. ಆದರೆ ನೋಡಿದ್ದೇ ಬೇರೆ, ಕೈಯಾರೆ ಮಾಡಿದ್ದೇ ಬೇರೆ. ಚನ್ನರಾಯಪಟ್ಟಣದಲ್ಲಿ ಸ್ತ್ರೀಶಕ್ತಿ ಸಂಘದವರಿಗೆ ನಡೆದ ಒಂದು ದಿನದ ತರಬೇತಿ ಮುಗಿಸಿಕೊಂಡು ನುಗ್ಗೇಹಳ್ಳಿ ಬಸ್ಸಿಳಿದು ಮನೆಗೆ ಬಂದವಳೇ, ಸೀರೆ ಕೂಡ ಬದಲಾಯಿಸದೆ ಒಂದು ಹಿಡಿ ಅಂಟುವಾಳ, ಹಿಂಡಿಟ್ಟ ನಿಂಬೆ ಸಿಪ್ಪೆ, ನಾಲ್ಕು ಹರಳು ಕಲ್ಲುಪ್ಪು ಹಾಕಿ ಕುದಿಸಿದಳು. ಆರಿಸಿ, ಕಿವುಚಿ, ಸೋಸಿ, ತೆಂಗಿನ ನಾರನ್ನು ಅದರಲ್ಲಿ ಅದ್ದಿ ಸಾರಿನ ಪಾತ್ರೆಗೆ ಉಜ್ಜಿದಳು ನೋಡಿ, ಆಗಷ್ಟೇ ಕರೆದ ಹಾಲಿನ ನೊರೆಯಂತೆ ಬೆಳ್ಳಗೆ ಉಕ್ಕಿ ಮೊಣಕೈವರೆಗೂ ಬಂತು. ಸುಕ್ಕುಗಟ್ಟಿದ ಒಣ ಕಾಯಿಯೊಳಗೆ ಇಷ್ಟೊಂದು ನೊರೆ ಎಲ್ಲಿ ಅಡಗಿತ್ತು? ಅವಳು ಬಾಯಿ ಬಿಟ್ಟುಕೊಂಡು ನಿಂತಳು.

"ಬನ್ನಿ ಇಲ್ಲಿ, ನೋಡಿ!" ಎಂದು ಗಂಡನನ್ನು ಕೂಗಿದಳು.

ಬಸವೇಶ ಬಂದು ನೋಡಿದ. "ಆಯ್ತು ಬುಡು, ಕಾಯಲ್ಲಿ ನೊರೆ ಬಂತು ಅಂತ ಊರಿಗೆಲ್ಲ ತಮಟೆ ಒಡಿಸ್ಬೇಕಾ?" ಎಂದು ತೋಟದ ಕಡೆ ಹೊರಟುಹೋದ. ಇಂಥ ಗಂಡಸರಿಗೆ ಸೂರ್ಯ ಹುಟ್ಟುವುದನ್ನು ತೋರಿಸಿದರೂ ಇಷ್ಟೇ. ನೀಲಾಂಬಿಕೆ ಮಾತ್ರ ಆ ಸಂಜೆ ತೊಳೆದ ಪಾತ್ರೆಗಳನ್ನೇ ಮತ್ತೆ ತೊಳೆದಳು. ಸಂಘದ ಹೆಂಗಸರಿಗೆಲ್ಲ ಕಲಿಸಿಕೊಡುತ್ತೇನೆಂದು ಮಾತೂ ಕೊಟ್ಟುಬಿಟ್ಟಳು.

ತಪ್ಪು ನಡೆದದ್ದು ಆಮೇಲೆ.

ಆ ಮನೆಯಲ್ಲಿ ಪಾತ್ರೆ ತೊಳೆಯುವ ಕಡೆ ಯಾವತ್ತೂ ಎರಡು ಬಕೆಟ್. ಅಕ್ಕಿ ತೊಳೆದ ನೀರು, ಗಂಜಿ, ಎಂಜಲು ಪಾತ್ರೆಯನ್ನು ಬರೀ ನೀರಲ್ಲಿ ಗಲಬರಿಸಿದ ಮೊದಲ ನೀರು ಒಂದಕ್ಕೆ. ಅದು ಕಲಗಚ್ಚು, ಕೊಟ್ಟಿಗೆಯ ಕಲ್ಲುಬಾನಿಗೆ ಸುರಿದರೆ ಹಸು ಚುಕ್ಕಿಯ ಪಾಲು. ಸೋಪು ಹಾಕಿ ತಿಕ್ಕಿದ ನೀರು ಇನ್ನೊಂದಕ್ಕೆ, ಅದು ತೆಂಗಿನ ಬುಡಕ್ಕೆ. ಇದು ಅತ್ತೆ ನಂಜಮ್ಮನ ಕಟ್ಟಳೆ. ಹದಿನೆಂಟು ವರ್ಷದ ಹಿಂದೆ, ಹೊಸ ಸೊಸೆ ಹೊಸ್ತಿಲು ದಾಟಿದ ಮಾರನೆಯ ದಿನವೇ, "ಸೋಪಿನ ನೀರು ಬಾನಿಗೆ ಬಿತ್ತೋ, ನೋಡು ಮತ್ತೆ" ಎಂದಿದ್ದಳು. ನೀಲಾಂಬಿಕೆ ಒಂದು ದಿನವೂ ತಪ್ಪಿರಲಿಲ್ಲ.

ಈಗ ಸೋಪೇ ಇಲ್ಲವಲ್ಲ! ಕಾಯಿ, ಸಿಪ್ಪೆ, ಉಪ್ಪು. ಕೆಮಿಕಲ್ ಅನ್ನುವುದು ಒಂದು ಹನಿಯೂ ಇಲ್ಲ. ಇನ್ನು ಎರಡು ಬಕೆಟ್ ಯಾಕೆ? ನಂಜಮ್ಮ ಮಗಳ ಮನೆಗೆಂದು ಅರಕಲಗೂಡಿಗೆ ಹೋಗಿದ್ದರಿಂದ ಕೇಳುವವರೂ ಇರಲಿಲ್ಲ. ನೀಲಾಂಬಿಕೆ ಎಲ್ಲ ನೀರನ್ನೂ ಒಂದೇ ಬಕೆಟ್ಟಿಗೆ ತುಂಬಿ ಬಾನಿಗೆ ಸುರಿದಳು. ಒಂದು ತೊಟ್ಟೂ ವ್ಯರ್ಥವಾಗಲಿಲ್ಲ ಎಂಬ ಹೆಮ್ಮೆ ಬೇರೆ.

ಚುಕ್ಕಿ ಒಂಬತ್ತು ತಿಂಗಳ ಗಬ್ಬದ ಹಸು. ಮೊದಲ ದಿನ ಕುಡಿಯಿತು. ಎರಡನೆಯ ದಿನ ಅರ್ಧ ಕುಡಿದು ತಲೆಯೆತ್ತಿತು. ಮೂರನೆಯ ದಿನ ಮೂಸಿ ಮುಖ ತಿರುಗಿಸಿತು, ಸಗಣಿ ನೀರಾಯಿತು. ಬಾನಿಗೆ ಬರೀ ನೀರು ಸುರಿದರೂ ಮುಟ್ಟಲಿಲ್ಲ, ಬಕೆಟ್ಟಿನಲ್ಲಿ ಇಟ್ಟರೂ ಮುಟ್ಟಲಿಲ್ಲ. ನಾಲ್ಕನೆಯ ದಿನ ಹುಲ್ಲನ್ನೂ ಬಿಟ್ಟು ಗೋಡೆ ನೋಡುತ್ತಾ ನಿಂತಿತು.

ದೃಷ್ಟಿಯಾಗಿರಬೇಕೆಂದು ಬಸವೇಶ ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದ. ಮನೆಯವರೆಲ್ಲ ಕೆಮ್ಮುವಷ್ಟು ಘಾಟು ಬಂತು. ಘಾಟು ಬಂದರೆ ದೃಷ್ಟಿಯಲ್ಲ ಎಂದು ಲೆಕ್ಕ. ಆಮೇಲೆ ಪಶುವೈದ್ಯ ಅಮರನಾಥ ಅವರಿಗೆ ಫೋನು ಮಾಡಿದ. ಅವರು ಬಂದು ಹೊಟ್ಟೆ ಒತ್ತಿ ನೋಡಿ ಇಂಜೆಕ್ಷನ್ ಕೊಟ್ಟರು.

"ಜ್ವರ ಇಲ್ಲ. ಹೊಟ್ಟೆಗೆ ಏನೋ ಆಗದ್ದು ಹೋಗಿದೆ. ನಾಳೆ ಬೆಳಿಗ್ಗೆ ಒಳಗೆ ತಾನಾಗೇ ನೀರು ಕುಡೀಬೇಕು ಕಣಮ್ಮ. ಇಲ್ಲಾಂದ್ರೆ ಡ್ರಿಪ್ ಹಾಕ್ತೀನಿ, ಆದ್ರೆ ಕರು ವಿಷಯದಲ್ಲಿ ನಾನು ಮಾತು ಕೊಡೋಕಾಗಲ್ಲ. ಏನು ಕುಡಿಸ್ತಿದ್ರಿ?"

"ಕಲಗಚ್ಚು ಸಾ. ಯಾವಾಗ್ಲೂ ಕೊಡೋ ಅಂಗೇ," ಎಂದಳು ನೀಲಾಂಬಿಕೆ.

ಯಾವಾಗಲೂ ಕೊಡುವಂತೆ ಕೊಟ್ಟಿಲ್ಲವಲ್ಲ ಎಂದು ಹೇಳಿದ ಮೇಲೆ ಹೊಳೆಯಿತು. ಡಾಕ್ಟರ ಬೈಕು ತಿರುವಿನಲ್ಲಿ ಮರೆಯಾದ ಮೇಲೆ ಬಾನಿಯ ಹತ್ತಿರ ಹೋದಳು. ತಳದಲ್ಲಿ ಉಳಿದಿದ್ದ ನೀರಿಗೆ ಬೆರಳದ್ದಿ ನಾಲಿಗೆಗೆ ಮುಟ್ಟಿಸಿದಳು. ಕಹಿ! ಗಂಟಲು ಹಿಡಿಯುವಂಥ ಕಹಿ. ಎಷ್ಟು ಉಗಿದರೂ ಹೋಗಲಿಲ್ಲ. ಇದನ್ನು ಚುಕ್ಕಿ ಮೊದಲ ದಿನ ತಳ ಕಾಣುವವರೆಗೆ ಕುಡಿದಿತ್ತು. ರುಚಿಗೆ ಕುಡಿದದ್ದಲ್ಲ, ತಂದುಕೊಟ್ಟ ಕೈಯನ್ನು ನಂಬಿ ಕುಡಿದದ್ದು. ನೀಲಾಂಬಿಕೆ ತಳದ ನೀರನ್ನೆಲ್ಲ ಬಳಿದು ಹೊರಗೆ ಚೆಲ್ಲಿದಳು.

ಸುದ್ದಿ ತಿಳಿದ ನಂಜಮ್ಮ ಮಧ್ಯಾಹ್ನಕ್ಕೆ ಬಂದಿಳಿದಳು. ಬ್ಯಾಗು ಕೂಡ ಇಳಿಸದೆ ಕೊಟ್ಟಿಗೆಗೇ ಬಂದ ಅತ್ತೆಯ ಮುಂದೆ ನೀಲಾಂಬಿಕೆ ಒಂದನ್ನೂ ಮುಚ್ಚಿಡಲಿಲ್ಲ. "ನಾನೇ ಕುಡಿಸ್ಬುಟ್ಟೆ ಅತ್ತೆ. ಕಾಯಿ ತಾನೆ, ಏನೂ ಆಗಲ್ಲ ಅನ್ಕಂಡೆ."

ಬೈಗುಳಕ್ಕೆ ತಲೆಯೊಡ್ಡಿ ನಿಂತವಳಿಗೆ ಬೈಗುಳ ಬೀಳಲಿಲ್ಲ.

"ಗಿಡದಲ್ಲಿ ಬುಟ್ಟಿದ್ದೆಲ್ಲ ಒಟ್ಟೆಗಲ್ಲ ಕಣವ್ವಾ. ಎಕ್ಕದ ಕಾಯೂ ಗಿಡದಲ್ಲೇ ಬುಡ್ತದೆ," ಎಂದಳು ನಂಜಮ್ಮ. "ನಿನ್ನ ನೊರೆನೀರು ಒಳ್ಳೇದೇ. ಒಲೆಕಟ್ಟೆ ಉಜ್ಜು, ನೆಲ ಒರೆಸು. ಬಾನಿಗೆ ಬ್ಯಾಡ. ನಡಿ, ಬೂದಿ ತಗಂಬಾ."

ಅತ್ತೆ ಸೊಸೆ ಇಬ್ಬರೂ ಸೇರಿ ಬೂದಿ, ಒಣಹುಲ್ಲು ಹಿಡಿದು ಬಾನಿಯನ್ನು ತಿಕ್ಕಿದರು. ತೊಳೆದು, ನೀಲಾಂಬಿಕೆ ನೆಕ್ಕಿ ನೋಡಿದಳು, ಇನ್ನೂ ಕಹಿ. ಮತ್ತೆ ತಿಕ್ಕಿದರು. ಆರನೆಯ ಸಲಕ್ಕೆ ಕಲ್ಲಿಗೆ ಕಲ್ಲಿನದೇ ರುಚಿ ಬಂತು. ಆಮೇಲೆ ನಂಜಮ್ಮ ಹಪ್ಪಳ ಕರಿದಿಟ್ಟಿದ್ದ ಬಾಣಲೆಯನ್ನು ತರಿಸಿ, ಎರಡು ಹಿಡಿ ಅಕ್ಕಿ ತೌಡು ಅದಕ್ಕೆ ಸುರಿದು, ನೀರು ಮುಟ್ಟಿಸದೆ ಅಂಗೈಯಲ್ಲಿ ಉಜ್ಜಿದಳು. ಜಿಡ್ಡೆಲ್ಲ ತೌಡಿಗೆ ಹತ್ತಿ ಉಂಡೆಯುಂಡೆಯಾಗಿ ಎದ್ದುಬಂತು. ನೊರೆಯಿಲ್ಲ, ವಾಸನೆಯಿಲ್ಲ. ಅಕ್ಕಿ ತೊಳೆದ ನೀರಲ್ಲಿ ಒಂದು ಸಲ ಜಾಲಿಸಿದಾಗ ಬಾಣಲೆಯಲ್ಲಿ ನೀಲಾಂಬಿಕೆಯ ಮುಖ ಕಂಡಿತು. ದಿನಾ ಹಸುವಿನ ಮುಂದಿಡುತ್ತಿದ್ದ ತೌಡಿನಲ್ಲಿ ಇಷ್ಟು ಗುಣವಿದೆಯೆಂದು ಅವಳಿಗೆ ಕನಸಲ್ಲೂ ಹೊಳೆದಿರಲಿಲ್ಲ. ಹಿತ್ತಲ ಗಿಡ ಮದ್ದಲ್ಲ ಅನ್ನುವುದು ಸುಮ್ಮನೆ ಅಲ್ಲ.

ಆ ನೀರು, ಆ ತೌಡಿನ ಉಂಡೆ ಎಲ್ಲವೂ ಬಾನಿಗೆ ಹೋಯಿತು.

ನೀಲಾಂಬಿಕೆ ಚುಕ್ಕಿಯನ್ನು ಬಿಚ್ಚಿ ಕರೆತಂದಳು. ಹಸು ಬಾನಿಯ ಅಂಚಿಗೆ ಮೂಗು ತಂದು ನಿಲ್ಲಿಸಿತು. ಅದರ ಉಸಿರಿಗೆ ನೀರು ಅಲುಗಿತು. ತಲೆಯೆತ್ತಿ ಅವಳನ್ನೊಮ್ಮೆ ನೋಡಿತು. ಮತ್ತೆ ಮೂಸಿತು. ಆಮೇಲೆ ಮೂತಿ ಮುಳುಗಿಸಿ ಸುರ್‌ ಎಂದು ಎಳೆದುಕೊಳ್ಳತೊಡಗಿತು. ಕತ್ತಿನುದ್ದಕ್ಕೂ ಗುಟುಕು ಇಳಿಯುವುದು ಕಾಣುತ್ತಿತ್ತು. ಮೋಸ ಮಾಡಿದ ಕೈಯಿಂದಲೇ ಮತ್ತೆ ಕುಡಿಯುತ್ತಿದೆಯಲ್ಲ ಈ ಜೀವ ಎಂದು ನೀಲಾಂಬಿಕೆಗೆ ಅಳು ತಡೆಯಲಾಗಲಿಲ್ಲ.

ಅಲ್ಲಿಂದ ಎಂಟನೆಯ ದಿನಕ್ಕೆ ಚುಕ್ಕಿ ಹೆಣ್ಣುಕರು ಹಾಕಿತು.

ಅದಾದ ಮೂರನೆಯ ದಿನ, ಮಾತು ಕೊಟ್ಟಂತೆ, ಸಂಘದ ಹನ್ನೆರಡು ಹೆಂಗಸರು ಕಲಿಯಲು ಬಂದರು. ನೀಲಾಂಬಿಕೆ ಅಂಟುವಾಳದ ನೀರಲ್ಲಿ ಒಲೆಕಟ್ಟೆ ತೊಳೆದು ತೋರಿಸಿದಳು. ಎಲ್ಲರೂ ನೊರೆಗೆ ಕೈಯಿಟ್ಟು ಆಹಾ ಎಂದರು. ಪಾತ್ರೆಯ ಸರದಿ ಬಂದಾಗ ಗಿಣ್ಣು ಕಾಯಿಸಿ ತಳ ಹಿಡಿದಿದ್ದ ಪಾತ್ರೆಯನ್ನು ಎತ್ತಿಕೊಂಡು ತೌಡಿನಲ್ಲಿ ಉಜ್ಜಿ, ಅಕ್ಕಿ ತೊಳೆದ ನೀರಲ್ಲಿ ಜಾಲಿಸಿ ಬಕೆಟ್ಟಿಗೆ ಸುರಿದಳು.

"ಇದು ಚೊಕ್ಕವಾಯ್ತು ಸರಿ. ನೀರು ಒಳ್ಳೇದೋ ಕೆಟ್ಟದ್ದೋ ಅಂತ ಎಂಗೆ ಗೊತ್ತಾಯ್ತದಕ್ಕಾ?" ಎಂದು ಕೇಳಿದಳು ಲಕ್ಷ್ಮಿದೇವಮ್ಮ.

ನೀಲಾಂಬಿಕೆ ಆ ನೀರಲ್ಲಿ ಬೆರಳದ್ದಿ ಮೊದಲು ತನ್ನ ನಾಲಿಗೆಗೆ ಇಟ್ಟುಕೊಂಡಳು. ಆಮೇಲೆ ಬಕೆಟ್ಟು ಎತ್ತಿಕೊಂಡು ಕೊಟ್ಟಿಗೆಗೆ ನಡೆದಳು. ಹನ್ನೆರಡು ಜನವೂ ಅವಳ ಹಿಂದೆಯೇ ಹೋದರು.

ಚುಕ್ಕಿ ಈ ಸಲ ಮೂಸಲೂ ಇಲ್ಲ. ತಾನೇ ಕೊಟ್ಟ ಹಾಲಿನ ಪಾತ್ರೆ ತೊಳೆದ ನೀರನ್ನು ತಳ ನೆಕ್ಕುವವರೆಗೆ ಕುಡಿಯಿತು. ಅದರ ಕೆಚ್ಚಲಿಗೆ ಗುದ್ದಿ ಗುದ್ದಿ ಕುಡಿಯುತ್ತಿದ್ದ ಕರು ಮುಖ ಹೊರಗೆ ತೆಗೆದಾಗ ಬಾಯಿಯ ಸುತ್ತ ಬೆಳ್ಳನೆ ನೊರೆ ಇತ್ತು. ನೀಲಾಂಬಿಕೆ ಅದನ್ನು ಸೆರಗಿನಿಂದ ಒರೆಸಲು ಹೋಗಿ, ಒರೆಸದೆ, ನೋಡುತ್ತಾ ನಿಂತಳು.