ಹೂವಿಲ್ಲದ ರೈಫಲ್

ಯಾವ್ಯಾವುದೋ ದೇಶದ ಸೈನ್ಯ ಬೇಡವೆಂದು ಮಾರಿದ ಹಳೇ ರೈಫಲ್‌ಗಳನ್ನು ಕೊಂಡು ತರುವುದು, ಜಿಡ್ಡು ತೆಗೆಯುವುದು, ಗೋಡೆಗೆ ಸಾಲಾಗಿ ನಿಲ್ಲಿಸಿಕೊಂಡು ಕಣ್ತುಂಬ ನೋಡುವುದು. ಎಲ್ಡನ್ ಕ್ರೌಸ್‌ನ ಹುಚ್ಚು ಇಷ್ಟೆ. ಅಮೆರಿಕದ ವಿಸ್ಕಾನ್ಸಿನ್‌ನಲ್ಲಿದ್ದ ಅವನ ಊರಲ್ಲಿ ಇದೇನೂ ದೊಡ್ಡ ಸಂಗತಿಯಲ್ಲ. ಕೆಲವರು ಕೆರೆಯ ದಂಡೆಯಲ್ಲಿ ಗಾಳ ಹಿಡಿದು ಕೂರುತ್ತಾರೆ, ಕೆಲವರು ನೆಲಮಾಳಿಗೆಯಲ್ಲಿ ಇಂಥದ್ದನ್ನು ತಿಕ್ಕುತ್ತಾ ಕೂರುತ್ತಾರೆ. ಕಾಗದದ ಕಾರ್ಖಾನೆಯಿಂದ ನಿವೃತ್ತನಾದ ಮೇಲೆ ಇವನು ಮೆಟ್ಟಿಲು ಹತ್ತಿ ಮೇಲೆ ಬರುವುದು ಊಟಕ್ಕೆ ಮಾತ್ರ ಎಂದು ಹೆಂಡತಿ ವಿಲ್ಮಾ ಸಿಕ್ಕಸಿಕ್ಕವರ ಹತ್ತಿರ ದೂರುತ್ತಿದ್ದಳು. ದೂರಿನಲ್ಲಿ ಸ್ವಲ್ಪ ಹೆಮ್ಮೆಯೂ ಇತ್ತು. ಸುತ್ತಮುತ್ತಲಿನವರು ಯಾವುದೇ ಹಳೇ ಬಂದೂಕು ಸಿಕ್ಕರೂ ಮೊದಲು ತಂದು ತೋರಿಸುತ್ತಿದ್ದುದು ಎಲ್ಡನ್‌ಗೇ.

ಆ ಶನಿವಾರ ಬೆಳಿಗ್ಗೆ ಅವನ ಮುಂದಿದ್ದದ್ದು ಒಂದು ಜಪಾನೀ ರೈಫಲ್. ಹಿಂದಿನ ತಿಂಗಳು ಬಂದೂಕಿನ ಸಂತೆಯಲ್ಲಿ ಒಂದೇ ಮೇಜಿನ ಮೇಲೆ ಇಂಥವು ಎರಡು ಸಿಕ್ಕಿದ್ದವು. ಸತ್ತುಹೋದ ಯಾರೋ ಸೈನಿಕನ ಮನೆಯವರು ತಂದಿಟ್ಟಿದ್ದರು. ಮೈತುಂಬ ಕಂದು ಜಿಡ್ಡು, ನಳಿಗೆಯೊಳಗೂ ಅದೇ ಗಟ್ಟಿಯಾಗಿ ಕೂತಿತ್ತು. ಜಪಾನೀ ರೈಫಲ್‌ನ ನೆತ್ತಿಯ ಮೇಲೆ, ಅಂದರೆ ತೋಟಾ ಕೂರುವ ಕಬ್ಬಿಣದ ಗೂಡಿನ ಮೇಲೆ, ಅವರ ಚಕ್ರವರ್ತಿಯ ಸೇವಂತಿಗೆ ಹೂವಿನ ಮುದ್ರೆ ಇರುತ್ತದೆ. ಇವೆರಡರಲ್ಲೂ ಹೂವಿರಲಿಲ್ಲ. "ಶರಣಾಗುವಾಗ ಚಕ್ರವರ್ತಿಯ ಗುರುತು ಶತ್ರು ಕೈಗೆ ಸಿಗಬಾರದು ಅಂತ ಉಜ್ಜಿ ಹಾಕ್ತಿದ್ರು" ಎಂದು ಎಲ್ಡನ್ ಅಲ್ಲಿ ನಿಂತಿದ್ದವರಿಗೆಲ್ಲ ಕೇಳುವ ಹಾಗೆ ಪಾಠ ಹೇಳಿದ್ದ. ಹೇಳಿದ್ದು ಸುಳ್ಳೇನಲ್ಲ, ಈ ಹುಚ್ಚಿನವರಿಗೆಲ್ಲ ಗೊತ್ತಿರುವ ಸಂಗತಿಯೇ. ಗೊತ್ತಿರುವುದು ಜಾಸ್ತಿಯಾದರೆ ಮನುಷ್ಯ ನೋಡುವುದನ್ನು ಬಿಡುತ್ತಾನೆ, ಅಷ್ಟೆ.

ಎರಡರಲ್ಲಿ ಒಂದನ್ನು ಮಗಳು ಕೊರಿನ್‌ಗೆ ಹುಟ್ಟುಹಬ್ಬಕ್ಕೆ ಕೊಟ್ಟಾಗಿತ್ತು. ಕೊರಿನ್ ಹಾಲಿನ ಟ್ಯಾಂಕರ್ ಓಡಿಸುವ ಗಟ್ಟಿ ಹೆಂಗಸು, ಅಪ್ಪನ ಹುಚ್ಚು ಅಂಟಿಸಿಕೊಂಡ ಒಬ್ಬಳೇ ಮಗಳು. ಕೈಗೆತ್ತಿಕೊಂಡ ತಕ್ಷಣ ಅವಳು ಕೇಳಿದ್ದಳು: "ನಳಿಗೆ ಒಳಗೆ ನೋಡಿದ್ಯಾ ಅಪ್ಪ?"

"ನೋಡಾಯ್ತು. ನನಗೇ ಪಾಠ ಹೇಳ್ತೀಯಾ? ನಿನಗೆ ಬೋಲ್ಟ್ ಯಾವ ಕಡೆ ಅಂತ ತೋರಿಸಿಕೊಟ್ಟೋನು ನಾನು" ಅಂದಿದ್ದ.

ನೋಡಿರಲಿಲ್ಲ. ಕಡ್ಡಿಗೆ ಬಟ್ಟೆ ಸುತ್ತಿ ಒಮ್ಮೆ ತಳ್ಳಿ ಜಿಡ್ಡಿನ ಮುದ್ದೆ ಆಚೆ ಹಾಕಿದ್ದ. ಅಷ್ಟರಲ್ಲಿ ವಿಲ್ಮಾ ಕೇಕ್ ಕತ್ತರಿಸಲು ಕೂಗಿದ್ದಳು.

ಇವತ್ತು ಪುರುಸೊತ್ತಿತ್ತು. ಕೆಟಲಿನಲ್ಲಿ ಕುದಿಯುವ ನೀರು ತಂದು ನಳಿಗೆಗೆ ಸುರಿದ, ಬ್ರಷ್ಷಿನಿಂದ ಉಜ್ಜಿದ, ಒಣಬಟ್ಟೆ ತಳ್ಳಿದ. ಬಟ್ಟೆ ಬೆಳ್ಳಗೆ ಹೊರಬಂದ ಮೇಲೆ, ಗೂಡನ್ನು ಹಿಂದಿನಿಂದ ಮುಚ್ಚುವ ಬೋಲ್ಟ್ ತೆಗೆದು, ನಳಿಗೆಯನ್ನು ಕಿಟಕಿಯ ಬೆಳಕಿಗೆ ಹಿಡಿದು, ಒಂದು ಕಣ್ಣು ಮುಚ್ಚಿ ನೋಡಿದ. ಒಳಗೆ ಥಳಥಳ.

"ವಿಲ್ಮಾ! ಕನ್ನಡಿ ಕಣೇ, ಕನ್ನಡಿ! ಒಂದು ಚೂರು ತುಕ್ಕಿಲ್ಲ!"

"ಹಾಗಾದ್ರೆ ಅದರಲ್ಲೇ ಮುಖ ನೋಡ್ಕೊಂಡು ಗಡ್ಡ ಹೆರ್ಕೊ" ಎಂದು ಮೇಲಿನಿಂದ ವಿಲ್ಮಾ ಕೂಗಿದಳು. "ಮುಳ್ಳುಹಂದಿ ಥರ ಆಗಿದ್ದೀಯ."

ನಗುತ್ತಲೇ ಇನ್ನೊಮ್ಮೆ ಕಣ್ಣಿಟ್ಟ. ನಗು ಅಲ್ಲೇ ನಿಂತುಹೋಯಿತು. ಯಾವ ರೈಫಲ್ ಆದರೂ ನಳಿಗೆಯೊಳಗೆ ಸುರುಳಿ ಸುತ್ತಿದ ಗೀರುಗಳು ಇರಲೇಬೇಕು. ಗುಂಡು ತಿರುಗುತ್ತಾ ನೆಟ್ಟಗೆ ಹೋಗುವುದು ಆ ಗೀರುಗಳಿಂದ. ಇದರೊಳಗೆ ಗೀರೇ ಇರಲಿಲ್ಲ, ನೀರಿನ ಪೈಪಿನ ಹಾಗೆ ನುಣ್ಣಗಿತ್ತು.

ರೈಫಲನ್ನು ಮಗುಚಿ ಹೂವಿರಬೇಕಾದ ಜಾಗವನ್ನು ಹೆಬ್ಬೆರಳಿಂದ ಸವರಿದ. ಉಜ್ಜಿದ್ದರೆ ಅರದ ಗುರುತಾದರೂ ಇರಬೇಕಿತ್ತು. ಅಲ್ಲಿ ಏನೂ ಇರಲಿಲ್ಲ. ಅಲ್ಲಿ ಹೂವು ಯಾವತ್ತೂ ಇದ್ದಿಲ್ಲ. ಇದು ಸೈನ್ಯದ ರೈಫಲ್ಲೇ ಅಲ್ಲ. ಯುದ್ಧದ ಕಾಲದಲ್ಲಿ ಜಪಾನಿನ ಶಾಲೆಗಳಲ್ಲಿ ಹುಡುಗರಿಗೆ ಕವಾಯತು ಕಲಿಸಲು ಯಾವುದೋ ಸಣ್ಣ ಕಾರ್ಖಾನೆಯಲ್ಲಿ ಎರಕ ಹೊಯ್ದು ಮಾಡಿದ ತರಬೇತಿ ಕೋವಿ. ಗುಂಡಿಲ್ಲದ ಸದ್ದಿನ ತೋಟಾ ಹಾಕಿ ಢಂ ಅನ್ನಿಸುವುದಕ್ಕಷ್ಟೇ ಆಗುವಂಥದ್ದು. ನಿಜವಾದ ತೋಟಾ ಇದರೊಳಗೆ ನೆಟ್ಟಗೆ ಕೂರುತ್ತದೆ, ಬೋಲ್ಟ್ ಮುಚ್ಚುತ್ತದೆ, ಎಲ್ಲ ಸರಿಯಿದೆ ಅನ್ನಿಸುತ್ತದೆ. ಹೊಡೆದಾಗ ಆ ಎರಕದ ಗೂಡು ಹೊಡೆದವರ ಮುಖದ ಮುಂದೆಯೇ ಒಡೆಯುತ್ತದೆ. ಸಂತೆಯಲ್ಲಿ ಒಬ್ಬ ಮುದುಕ ಇಂಥದ್ದರಿಂದ ಕಣ್ಣು ಕಳೆದುಕೊಂಡವನ ಕಥೆ ಹೇಳಿದ್ದು ನೆನಪಾಯಿತು. ಆಗ ಎಲ್ಡನ್ ಕಾಫಿ ಕುಡಿಯುತ್ತಾ, ಅಂಥ ಪೆದ್ದರೂ ಇರ್ತಾರೆ ಅಂದಿದ್ದ.

ಕೊರಿನ್ ಹತ್ತಿರ ಇದ್ದದ್ದು ಇದರದೇ ಜೋಡಿ. ಅದನ್ನು ಇವತ್ತೇ ಗುಂಡು ಹೊಡೆಯುವ ರೇಂಜಿಗೆ ಒಯ್ಯುತ್ತೇನೆ ಅಂದಿದ್ದಳು.

ಮೆಟ್ಟಿಲು ಹೇಗೆ ಹತ್ತಿದನೋ ಅವನಿಗೇ ಗೊತ್ತಿಲ್ಲ. ಅಡುಗೆಮನೆಯ ಗೋಡೆಯ ಫೋನು ಎತ್ತಿ ಮಗಳ ಮನೆಗೆ ಹಚ್ಚಿದ. ಅತ್ತ ಗಂಟೆ ಬಾರಿಸುತ್ತಲೇ ಇತ್ತು. ಬಾಣಲೆಯ ಮುಂದಿದ್ದ ವಿಲ್ಮಾ ಅವನ ಮುಖ ನೋಡಿ ಒಲೆ ಆರಿಸಿದಳು.

"ಏನಾಯ್ತೋ? ಯಾಕೆ ಹಿಂಗೆ ಬಿಳಿಚಿಕೊಂಡಿದ್ದೀಯ?"

"ಕೊರಿನ್ ಹತ್ರ ಇರೋದು ರೈಫಲ್ ಅಲ್ಲ ಕಣೇ. ಹೊಡೆದ್ರೆ ಒಡೆದುಹೋಗುತ್ತೆ. ಮುಖಕ್ಕೇ ಒಡೆಯುತ್ತೆ."

"ನೀನು ನೋಡಿದ್ದೆ ತಾನೆ? ನೋಡಾಯ್ತು ಅಂದ್ಯಲ್ಲ, ನನ್ನ ಎದುರಿಗೇ?"

ಎಲ್ಡನ್ ಕಾರಿನ ಬೀಗದ ಕೈ ಹುಡುಕುತ್ತಿದ್ದ. "ರೇಂಜಿನ ಗುಡಿಸಲಿಗೆ ಫೋನ್ ಮಾಡು. ಮಾಡ್ತಾನೇ ಇರು. ಯಾರಾದ್ರೂ ಎತ್ತಿದ್ರೆ ಅವಳನ್ನ ನಿಲ್ಸು ಅಂತ ಹೇಳು" ಅಂದವನು ಕೋಟು ಕೂಡ ಹಾಕದೆ ಹೊರಗೆ ಓಡಿದ.

ರೇಂಜು ಊರಾಚೆ ಹಳೇ ಕಲ್ಲುಗಣಿಯಲ್ಲಿತ್ತು. ದಾರಿಯುದ್ದಕ್ಕೂ ಅವನು ಒಂದೇ ಸಂಗತಿಗೆ ನೇತುಬಿದ್ದಿದ್ದ. ಹಳೇ ರೈಫಲ್‌ಗೆ ಮೊದಲ ದಿನ ಮದ್ದು ಕಮ್ಮಿ ತುಂಬಿದ ತೋಟಾ ಹೊಡೆಯುವುದು ಅವನ ಪದ್ಧತಿ. ತಾನೇ ಕೈಯಾರೆ ತುಂಬಿದ ಐದು ತೋಟಾ ಮಗಳಿಗೆ ಕೊಟ್ಟಿದ್ದ. "ಮೊದಲು ಇವನ್ನ ಹೊಡಿ, ಮೆತ್ತಗಿವೆ. ಸರಿ ಅನ್ನಿಸಿದ್ರೆ ಆಮೇಲೆ ಅಂಗಡಿ ಪೆಟ್ಟಿಗೆ ತೆಗಿ" ಎಂದು ಅಂಗಡಿಯ ಪೆಟ್ಟಿಗೆಯನ್ನೂ ಅವನೇ ಕೊಟ್ಟಿದ್ದ. ಅದರ ತೋಟಾದಲ್ಲಿ ಮದ್ದು ಭರ್ತಿ. ಮೆತ್ತನೆಯ ಐದಕ್ಕೆ ಆ ಗೂಡು ತಡೆದುಕೊಂಡರೂ ತಡೆದುಕೊಳ್ಳಬಹುದು. ಪೆಟ್ಟಿಗೆಯದಕ್ಕೆ ತಡೆಯುವುದಿಲ್ಲ.

ಮುಂದೆ ಒಂದು ಟ್ರ್ಯಾಕ್ಟರ್ ಹುಲ್ಲಿನ ಗಾಡಿ ಎಳೆದುಕೊಂಡು ರಸ್ತೆಯ ತುಂಬ ತೆವಳುತ್ತಿತ್ತು. ಎಲ್ಡನ್ ಹಾರ್ನ್ ಒತ್ತಿಯೇ ಒತ್ತಿದ. ಟ್ರ್ಯಾಕ್ಟರಿನವನು ಗೆಳೆಯನೆಂದುಕೊಂಡು ಕೈ ಬೀಸಿದ. "ಸರಿಯೋ ಮಾರಾಯ, ಸರಿಯೋ" ಎಂದು ಎಲ್ಡನ್ ಅಳುವ ದನಿಯಲ್ಲಿ ಗೊಣಗಿ, ಹುಲ್ಲಿನ ಮೇಲೆ ಚಕ್ರ ಇಳಿಸಿ, ಬೇಲಿಗೆ ತಾಗಿಸಿಕೊಂಡೇ ಮುಂದೆ ಹೋದ. ಕಣ್ಣ ಮುಂದೆ ಮಗಳ ಕೆನ್ನೆಯೇ ಬರುತ್ತಿತ್ತು. ಕೆನ್ನೆಯನ್ನು ಮರಕ್ಕೆ ಒತ್ತಿ ಹಿಡಿ, ಮುಖ ದೂರ ಇಟ್ಟರೆ ಗುರಿ ತಪ್ಪುತ್ತೆ ಎಂದು ಅವಳಿಗೆ ಕಲಿಸಿದ್ದೂ ಅವನೇ.

ಗಣಿ ಹತ್ತಿರ ಬಂದಾಗ ಕಿಟಕಿಯ ಗಾಜು ಇಳಿಸಿದ. ಗುಂಡಿನ ಸದ್ದು ಕೇಳುತ್ತಿತ್ತು. ಸಣ್ಣ ರೈಫಲ್‌ನ ಚಟಪಟ, ಯಾರದೋ ದೊಡ್ಡದರ ಢಮಾರ್. ನಡುವೆ ಒಂದು ಮಂಕು ಸದ್ದು, ದಿಂಬಿಗೆ ಗುದ್ದಿದ ಹಾಗೆ. ಅದು ತನ್ನ ಮೆತ್ತನೆಯ ತೋಟಾ ಎಂದು ಅವನಿಗೆ ಗೊತ್ತಾಯಿತು. ಜೀವ ಬಂದ ಹಾಗಾಯಿತು. ಆದರೆ ಇದು ಐದರಲ್ಲಿ ಎಷ್ಟನೆಯದು? ಮತ್ತೆ ಆ ಸದ್ದಿಗಾಗಿ ಕಿವಿಗೊಟ್ಟ. ಬರಲಿಲ್ಲ.

ಕಾರನ್ನು ಅಡ್ಡಾದಿಡ್ಡಿ ನಿಲ್ಲಿಸಿ ಇಳಿದ. ಖಾಲಿ ಗುಡಿಸಲಲ್ಲಿ ಫೋನು ಹೊಡೆದುಕೊಳ್ಳುತ್ತಿತ್ತು. ಸಾಲು ಬೆಂಚುಗಳ ಕೊನೆಯಲ್ಲಿ, ಅವನಿಗೆ ಬೆನ್ನು ಹಾಕಿ, ಕಿವಿಗೆ ಮುಚ್ಚಳ ಹಾಕಿಕೊಂಡು ಕೊರಿನ್ ಕೂತಿದ್ದಳು. ಅವಳ ಮೊಣಕೈ ಪಕ್ಕ ಅಂಗಡಿಯ ಪೆಟ್ಟಿಗೆ ಬಾಯಿ ತೆರೆದುಕೊಂಡಿತ್ತು. ಅವಳು ಒಂದು ತೋಟಾ ತೆಗೆದು ಗೂಡಿಗೆ ಇಟ್ಟಳು, ಬೋಲ್ಟ್ ಮುಂದಕ್ಕೆ ತಳ್ಳಿ ಕೆಳಕ್ಕೆ ಒತ್ತಿದಳು, ಕೆನ್ನೆ ಇಳಿಸಿದಳು.

ಓಡಿ ಮುಟ್ಟುವಷ್ಟು ಹತ್ತಿರ ಇರಲಿಲ್ಲ. ರೇಂಜಿನಲ್ಲಿ ಒಂದು ನಿಯಮವಿದೆ. ಯಾರೇ ಆಗಲಿ, ಯಾವ ಕಾರಣಕ್ಕೇ ಆಗಲಿ, "ಗುಂಡು ನಿಲ್ಲಿಸಿ" ಎಂದು ಕೂಗಿದರೆ ಎಲ್ಲರೂ ಆ ಕ್ಷಣವೇ ರೈಫಲ್ ಕೆಳಗಿಟ್ಟು ಹಿಂದೆ ಸರಿಯಬೇಕು. ಸುಮ್ಮಸುಮ್ಮನೆ ಕೂಗಿದವರನ್ನು ಎಲ್ಡನ್ ವರ್ಷಗಟ್ಟಲೆ ಗೇಲಿ ಮಾಡಿದ್ದಾನೆ. ಈಗ ಬಾಯಿ ತೆರೆದ. ದನಿಯೇ ಹೊರಡಲಿಲ್ಲ. ಅವಳ ಭುಜ ಬಿಗಿಯುವುದು ಕಾಣಿಸಿತು.

"ಗುಂಡು ನಿಲ್ಲಿಸೀ!"

ಆ ಕೂಗು ತನ್ನದೆಂದು ಅವನಿಗೇ ಅನ್ನಿಸಲಿಲ್ಲ. ಮೈದಾನದ ಉಸ್ತುವಾರಿ ಹೋಬಾರ್ಟ್ ಬೆಚ್ಚಿಬಿದ್ದು ಕೈಯಲ್ಲಿದ್ದ ಧ್ವನಿವರ್ಧಕದಲ್ಲಿ ಅದನ್ನೇ ಕೂಗಿದ. ಸಾಲಿಡೀ ಸ್ತಬ್ಧವಾಯಿತು. ಕೊರಿನ್ ಬೆರಳು ತೆಗೆದಳು, ರೈಫಲನ್ನು ಬೆಂಚಿನ ಮೇಲಿಟ್ಟಳು, ಎದ್ದು ಹಿಂದೆ ಸರಿದಳು. ಚಿಕ್ಕಂದಿನಲ್ಲಿ ಕಲಿಸಿದ್ದನ್ನು ಅವಳು ಒಂದೂ ಮರೆತಿರಲಿಲ್ಲ.

"ಏನೋ ಎಲ್ಡನ್, ಜಿಂಕೆ ಬಂತಾ?" ಅಂದ ಹೋಬಾರ್ಟ್. ಹತ್ತಿರ ಬಂದು ಅವನ ಮುಖ ಕಂಡು ತಮಾಷೆ ಬಿಟ್ಟ. "ಕೂತ್ಕೊಳ್ಳೋ. ಎದೆ ನೋವಾ?"

ಎಲ್ಡನ್ ಕೂರಲಿಲ್ಲ. ನೇರ ಬೆಂಚಿಗೆ ಹೋಗಿ ಬೋಲ್ಟ್ ಎಳೆದ. ಬಿಗಿದುಕೊಂಡಿತ್ತು. ಅಂಗೈಯಿಂದ ಮೇಲಕ್ಕೆ ಗುದ್ದಿ ಎಳೆದಾಗ ತುಂಬಿದ ತೋಟಾ ಹೊರಬಿದ್ದು ಬೆಂಚಿನ ಮೇಲೆ ಉರುಳಿತು. ಹೂವಿರಬೇಕಾದ ಜಾಗದಲ್ಲಿ, ಕೂದಲೆಳೆಯಷ್ಟು ತೆಳ್ಳಗೆ, ಒಂದು ಬಿರುಕು ಬಿಟ್ಟಿತ್ತು. ಒಳಗಿದ್ದ ಹಳೇ ಜಿಡ್ಡು ಬಿಸಿಗೆ ಕರಗಿ ಅದರಿಂದ ಒಸರುತ್ತಿತ್ತು. ಹೋಬಾರ್ಟ್ ಬಗ್ಗಿ ನೋಡಿದ. "ದೇವರೇ" ಎಂದಷ್ಟೇ ಅಂದು ಟೋಪಿ ತೆಗೆದ.

ಕೊರಿನ್ ಕಿವಿಯ ಮುಚ್ಚಳ ತೆಗೆದು ಬಿರುಕನ್ನು ನೋಡಿದಳು, ತೋಟಾ ನೋಡಿದಳು. ಅವಳ ಮುಖ ಬಿಳಿಚಿಕೊಂಡಿತು. ಎಲ್ಡನ್ ಅವಳ ಕೆನ್ನೆ ಮುಟ್ಟಿದ, ಕಣ್ಣು ಮುಟ್ಟಿದ, ಕಿವಿ ಮುಟ್ಟಿದ. ಎಲ್ಲ ಇದ್ದ ಜಾಗದಲ್ಲೇ ಇತ್ತು.

"ಐದೂ ಹೊಡೆದೆ" ಅಂದಳು ಅವಳು. "ಕಾಗದದ ಮೇಲೆ ತೂತು ದುಂಡಗೆ ಬೀಳ್ಲೇ ಇಲ್ಲ ಅಪ್ಪ. ಗುಂಡು ಅಡ್ಡಡ್ಡ ಬಡೀತಿತ್ತು. ನಾನೇ ಸರಿಯಾಗಿ ಹಿಡೀತಿಲ್ಲ ಅನ್ಕೊಂಡೆ. ಕುರ್ಚಿ ಸರಿಸ್ದೆ, ಉಸಿರು ಬಿಗಿ ಹಿಡ್ದೆ. ಇನ್ನೂ ಗಟ್ಟಿ ಕೆನ್ನೆ ಒತ್ತಿದೆ."

"ಗೀರಿಲ್ಲ ಅದರಲ್ಲಿ. ಶಾಲೆ ಹುಡುಗರ ಕವಾಯತಿಂದು. ಎರಕದ್ದು."

"ಬೇರೆ ಯಾರಾದ್ರೂ ಕೊಟ್ಟಿದ್ರೆ ಹೊಡೆಯೋಕೆ ಮುಂಚೆ ಒಳಗೆ ನೋಡೇ ನೋಡ್ತಿದ್ದೆ" ಅಂದಳು. ಆಮೇಲೆ ಮೆಲ್ಲಗೆ ಕೇಳಿದಳು: "ನೀನು ನೋಡಿದ್ಯಾ?"

ಜಿಡ್ಡು ದಪ್ಪಗಿತ್ತು, ಬೆಳಕು ಸಾಲದಿತ್ತು, ನಿಮ್ಮಮ್ಮ ಕೇಕಿಗೆ ಕರೆದಳು. ಇಷ್ಟೂ ಬಾಯಿಗೆ ಬಂತು. ಎಲ್ಡನ್ ನುಂಗಿಕೊಂಡ.

"ಇಲ್ಲ" ಅಂದ.

ಅವಳು ಬೈಯಲಿಲ್ಲ. ಬೈದಿದ್ದರೆ ಅವನಿಗೆ ಎಷ್ಟೋ ಸಮಾಧಾನವಾಗುತ್ತಿತ್ತು. ಬಿರುಕುಬಿಟ್ಟ ಕೋವಿಯನ್ನು ಹೋಬಾರ್ಟ್ ಎತ್ತಿಕೊಂಡು ಹೋದ. ಕೊರಿನ್ ಬೆಂಚಿನ ಕೆಳಗಿನಿಂದ ಉದ್ದನೆಯ ಇನ್ನೊಂದು ಚೀಲ ಎಳೆದು ಬಿಚ್ಚಿದಳು. ಅದರಲ್ಲಿದ್ದದ್ದು ಅವಳ ಮದುವೆಗೆ ಎಲ್ಡನ್ ಕೊಟ್ಟ ಸ್ವಿಸ್ ಸೈನ್ಯದ ರೈಫಲ್. ಅಷ್ಟು ವರ್ಷಗಳಿಂದ ಅವಳು ಅದರಲ್ಲಿ ಎಷ್ಟು ಗುಂಡು ಹೊಡೆದಿದ್ದಳೋ ಲೆಕ್ಕವಿಲ್ಲ. ಅವಳು ಅದರ ಬೋಲ್ಟ್ ಹೊರತೆಗೆದು ಬೆಂಚಿನ ಮೇಲಿಟ್ಟಳು. ನಳಿಗೆಯನ್ನು ಆಕಾಶಕ್ಕೆ ಎತ್ತಿ, ಒಂದು ಕಣ್ಣು ಮುಚ್ಚಿ, ಅಪ್ಪನ ಎದುರಿಗೇ ಒಳಗೆ ನೋಡತೊಡಗಿದಳು. ಬಹಳ ಹೊತ್ತು ನೋಡಿದಳು. ಎಲ್ಡನ್ ಕೈ ಇಳಿಬಿಟ್ಟುಕೊಂಡು, ಅವಳು ನೋಡಿ ಮುಗಿಸುವವರೆಗೂ ಅಲ್ಲೇ ನಿಂತಿದ್ದ.